ಮೂಗಿನ ಹಿಂದಿನ ದಾರಿ

ಕಿವಿ, ಮೂಗು, ಗಂಟಲಿಗೆಂದೇ ಒಬ್ಬ ಬೇರೆ ವೈದ್ಯ ಬೇಕೆಂದು ನಮ್ಮ ಸೀಮೆಯ ಜನಕ್ಕೆ ತಿಳಿಯುವ ಮೊದಲೇ ಪುತ್ತೂರು ಪೇಟೆಯಲ್ಲಿ ಚಿಕಿತ್ಸಾಲಯ ತೆರೆದು, ಸುಳ್ಯ, ಕಡಬ, ಈಶ್ವರಮಂಗಲಗಳಿಂದ ಬಂದವರ ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು, ಅವರ ಮೂಗಿನ ಹಿಂಬದಿಯನ್ನು ನೋಡಿದ ಮೊದಲಿಗರು ಮಾನ್ಯ ಡಾ. ಉದಯಶಂಕರ ಪಾಂಗಣ್ಣಾಯರು. ೧೯೮೯ರ ಈ ಬೇಸಗೆಯ ಕೊನೆಗೆ, ಅರುವತ್ತೈದರ ಪ್ರಾಯದಲ್ಲಿ, ಅವರು ಆ ಕನ್ನಡಿಯನ್ನು ಕೆಳಗಿಡುತ್ತಿದ್ದಾರೆ. ಇಂಥ ಅಭಿನಂದನ ಗ್ರಂಥಗಳಲ್ಲಿ ಹೊಗಳಿಕೆಯನ್ನು ಬಕೆಟ್ಟುಗಟ್ಟಲೆ ಸುರಿಯುವುದು ವಾಡಿಕೆ. ಪಾಂಗಣ್ಣಾಯರಿಗೋ, ಹೊಗಳಿಕೆಯೆಂದರೆ ಮೈಗೆ ತುರಿಕೆ ಸೊಪ್ಪು ಸವರಿದ ಹಾಗೆ. ಆದ್ದರಿಂದ ಅವರು ಹೊತ್ತುಕೊಂಡು ಬಂದ ಒಂದು ಭಾರವನ್ನೇ ಇಲ್ಲಿ ಹೇಳುವುದು ಅವರಿಗೆ ಸಲ್ಲಿಸುವ ನಿಜವಾದ ಮರ್ಯಾದೆ.

“ಮೂಗು ಮೇಲಕ್ಕೆ ಹೋಗುದಲ್ಲ ಮಾರಾಯ್ರೆ, ಹಿಂದಕ್ಕೆ ಹೋಗುದು!” ಈ ಮಾತನ್ನು ಅವರಿಂದ ಕೇಳದ ರೋಗಿಯಿಲ್ಲ. ಮೂಗನ್ನು ಅವರು ಮನೆಯೆಂದೇ ವಿವರಿಸುತ್ತಿದ್ದರು: ಎರಡು ಬಾಗಿಲು, ನಡುವೆ ಒಂದು ಗೋಡೆ, ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡಿ ಕಳಿಸುವ ಮಡಿಕೆಗಳು ಎರಡೂ ಬದಿಗೆ, ಅಡಿಯಲ್ಲಿ ಸಮತಟ್ಟಾದ ನೆಲ. ಆ ನೆಲ ನೇರ ಹಿಂದೆ ಹೋಗಿ, ಕಿರುನಾಲಿಗೆಯ ಬೆನ್ನ ಹಿಂದಿನ ಹಿತ್ತಿಲಿಗೆ ತಲುಪುತ್ತದೆ. ಅಲ್ಲಿಂದ ಕೆಳಗೆ ಗಂಟಲು. ಗಂಟಲಿನ ತಳದಲ್ಲಿ ದಾರಿ ಕವಲೊಡೆದು, ಹಿಂದಿನದು ಅನ್ನಕ್ಕೆ, ಮುಂದಿನದು ಉಸಿರಿಗೆ. ಉಸಿರಿನ ದಾರಿಯ ಬಾಯಲ್ಲಿ ಧ್ವನಿಪೆಟ್ಟಿಗೆ, ಅದಕ್ಕೊಂದು ಮುಚ್ಚಳ. ಸಣ್ಣ ಮಕ್ಕಳಲ್ಲಿ ಆ ಬಾಯಿ ಎಷ್ಟು ಕಿರಿದೆಂದರೆ, ಒಂದು ಕಡಲೆಕಾಳು ಸಿಕ್ಕಿಕೊಂಡರೂ ಮುಗಿಯಿತು.

ಇಷ್ಟು ಹೇಳಲಿಕ್ಕೆ ಕಾರಣವುಂಟು. ಬೇಸಗೆಯಲ್ಲಿ ತೋಡಿನ ಹರಿವು ಬತ್ತಿ ಗುಂಡಿಗಳಷ್ಟೇ ಉಳಿದಾಗ, ಮಕ್ಕಳು ಬಗ್ಗಿ ನೀರಿಗೇ ಬಾಯಿಟ್ಟು ಕುಡಿಯುತ್ತವೆ. ನೂಲಿನಂಥ ಜಿಗಣೆಮರಿ ಆಗ ಮೂಗು ಸೇರಿಕೊಂಡು, ರಕ್ತ ಹೀರಿ ದಪ್ಪವಾಗುತ್ತದೆ. ಮೂಗಿನಿಂದ ರಕ್ತ ಸೋರಿದರೆ ಮನೆಯವರು ಮಗುವನ್ನು ಅಂಗಾತ ಮಲಗಿಸಿ, ಹೊಗೆಸೊಪ್ಪು ನೆನೆಸಿದ ನೀರನ್ನು ಮೂಗಿಗೆ ಬಿಡುತ್ತಿದ್ದರು. ಕಾಲಿಗೆ ಹತ್ತಿದ ಜಿಗಣೆ ಹೊಗೆಸೊಪ್ಪಿಗೆ ಉದುರುತ್ತದಲ್ಲ, ಮೂಗಿನದೂ ಉದುರಲಿ ಎಂದು. ಉದುರುವುದೇನೋ ನಿಜ. ಎಲ್ಲಿಗೆ ಎಂದು ಕೇಳಿದವರಿಲ್ಲ. ಅಂಗಾತ ಮಲಗಿದ ಮಗುವಿಗೆ ಮೂಗಿನಿಂದ ಕೆಳಗೆ ಎಂದರೆ ಗಂಟಲೇ ಅಲ್ಲವೇ!

೧೯೭೪ರ ಏಪ್ರಿಲಿನ ಒಂದು ಮಧ್ಯಾಹ್ನ, ಕಡಬದ ಪಕ್ಕದ ಕೋಡಿಂಬಾಳದ ರಬ್ಬರ್ ಕೃಷಿಕ ಚೆರಿಯನ್, ಮಗಳು ಮೋಳಿಯನ್ನು ಜೀಪಿನಲ್ಲಿ ಎತ್ತಿಕೊಂಡು ಬಂದರು. ನಾಲ್ಕು ವರ್ಷದ ಹುಡುಗಿ, ತುಟಿ ನೀಲಿಗಟ್ಟಿತ್ತು. ಪಾಂಗಣ್ಣಾಯರು ಕುತ್ತಿಗೆ ಕೊಯ್ದು ಉಸಿರಿಗೆ ದಾರಿ ಮಾಡಿದರು. ಅಷ್ಟರಲ್ಲಿ ಉಸಿರೇ ಹೋಗಿಯಾಗಿತ್ತು. ಧ್ವನಿಪೆಟ್ಟಿಗೆಯೊಳಗೆ ಜಿಗಣೆ ಇನ್ನೂ ಮಿಸುಕುತ್ತಿತ್ತು. ಅದನ್ನು ತೆಗೆದು ತಟ್ಟೆಗೆ ಹಾಕಿದಾಗ ಬಂದ ಹೊಗೆಸೊಪ್ಪಿನ ವಾಸನೆ, ತಟ್ಟೆ ಹಿಡಿದಿದ್ದ ದಾದಿ ದಮಯಂತಿಯವರಿಗೂ ತಿಳಿಯಿತು.

ಚೆರಿಯನ್ ಬಾಗಿಲಲ್ಲಿ ನಿಂತಿದ್ದರು. “ಡಾಕ್ಟ್ರೇ, ನಾನು ಹೊಗೆಸೊಪ್ಪಿನ ನೀರು ಬಿಟ್ಟೆ. ಇವಳ ಅಮ್ಮ ತ್ರೇಸ್ಯಾಮ್ಮ ಬೇಡ ಬೇಡ ಅಂತ ಹೇಳಿದ್ಲು. ನನ್ನ ಕೈಯಿಂದ ಆದದ್ದಾ?”

ಶರೀರರಚನೆ ಬಲ್ಲವರಿಗೆ ಉತ್ತರ ಒಂದೇ ಇತ್ತು. ಆದರೆ ಎದುರಿಗಿದ್ದದ್ದು ತಂದೆಯ ಮುಖ. ಪಾಂಗಣ್ಣಾಯರು ಅವರ ಎರಡೂ ಕೈ ಹಿಡಿದುಕೊಂಡು ಹೇಳಿದರು: “ಅಲ್ಲ ಚೆರಿಯನ್. ಹೊಗೆಸೊಪ್ಪಿನಿಂದ ಎಂತದ್ದೂ ಆಗ್ಲಿಲ್ಲ. ಅದು ತಾನಾಗಿಯೇ ಇಳಿದದ್ದು.”

ದಮಯಂತಿ ತಲೆ ತಗ್ಗಿಸಿದರು. ಹೇಳಿದ್ದು ಸುಳ್ಳು, ಆ ಹೊತ್ತಿಗೆ ಬೇರೆ ಏನು ಹೇಳಲಿಕ್ಕಾಗುತ್ತಿತ್ತು?

ಅಂದಿನಿಂದ ಚೆರಿಯನ್ ಪಾಂಗಣ್ಣಾಯರ ಮಿತ್ರರಾದರು. ಪುತ್ತೂರಿಗೆ ಬಂದಾಗಲೆಲ್ಲ ನೇಂದ್ರಬಾಳೆಯ ಗೊನೆಯೊಂದು ಚಿಕಿತ್ಸಾಲಯದ ಜಗಲಿಯಲ್ಲಿ ಇಳಿಯುತ್ತಿತ್ತು. “ಮಗಳು ಹೋದಳು, ಅಣ್ಣ ಸಿಕ್ಕಿದರು” ಎಂದು ಅವರು ಕಂಡಕಂಡವರಲ್ಲಿ ಹೇಳಿಕೊಂಡರು. ಪಾಂಗಣ್ಣಾಯರಿಗೆ ಆ ಹಣ್ಣು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಗೆಸೊಪ್ಪಿನ ಅಪಾಯವನ್ನು ಅವರು ತಮ್ಮಲ್ಲಿಗೆ ಬಂದವರಿಗೆ ಒಬ್ಬೊಬ್ಬರಾಗಿ, ಮೆಲ್ಲನೆ ಹೇಳುತ್ತಿದ್ದರು. ಸುಳ್ಯದಲ್ಲಿ, ಈಶ್ವರಮಂಗಲದಲ್ಲಿ ಸಭೆ ಕರೆದೂ ಹೇಳಿದರು. ಕಡಬದ ಕಡೆಗೆ ಮಾತ್ರ ಹೋಗಲಿಲ್ಲ. ಅಲ್ಲಿ ಹೇಳಿದರೆ ಚೆರಿಯನ್ನರ ಕಿವಿಗೆ ಬೀಳುತ್ತದೆ. ಬಿದ್ದರೆ ಆ ಮನುಷ್ಯ ಬದುಕುತ್ತಾನೋ ಇಲ್ಲವೋ.

ಆದರೆ ಸುಳ್ಳು ಸುಮ್ಮನೆ ಕೂತಿರಲಿಲ್ಲ. ೧೯೮೧ರಲ್ಲಿ ಕಡಬದ ಚನಿಯಪ್ಪ ಎಂಬ ಕೂಲಿಯವನು ಮಗನನ್ನು ಹೊತ್ತು ತಂದ. ಅದೇ ನೀಲಿ ತುಟಿ, ಅದೇ ವಾಸನೆ. ಮಗು ಮೇಜಿನ ಮೇಲೆಯೇ ತೀರಿಕೊಂಡಿತು.

“ಯಾರು ಮಾರಾಯ ಹೊಗೆಸೊಪ್ಪು ಬಿಡ್ಲಿಕ್ಕೆ ಹೇಳಿದ್ದು?” ಎಂದು ಪಾಂಗಣ್ಣಾಯರು ಕಿರುಚಿದರು. ಅವರು ಕಿರುಚಿದ್ದನ್ನು ದಮಯಂತಿ ಕೇಳಿದ್ದು ಅದೊಂದೇ ಸಲ.

ಚನಿಯಪ್ಪ ಹೆದರಿ ಕೈ ಮುಗಿದ. “ಹೊಗೆಸೊಪ್ಪಿನಿಂದ ಎಂತದ್ದೂ ಆಗುದಿಲ್ಲ ಅಂತ ಚೆರಿಯನ್ ಧನಿಗಳು ಹೇಳಿದ್ರು. ಅವರಿಗೆ ನೀವೇ ಹೇಳಿದ್ದಂತಲ್ಲ ಡಾಕ್ಟ್ರೇ?”

ಅಯ್ಯೋ, ಅದಕ್ಕಿಂತ ಆತ ಒಂದೇಟು ಹೊಡೆದಿದ್ದರೆ ಒಳ್ಳೆಯದಿತ್ತು! ಒಬ್ಬ ತಂದೆಯನ್ನು ಉಳಿಸಲು ಆಡಿದ ಮಾತು ಇನ್ನೊಬ್ಬ ತಂದೆಯ ಮಗನನ್ನು ತೆಗೆದುಕೊಂಡಿತ್ತು. ಪಾಂಗಣ್ಣಾಯರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಚನಿಯಪ್ಪನೇ ಅವರಿಗೆ ನೀರು ತಂದುಕೊಟ್ಟ.

ಮರುವಾರ ಕಡಬದ ಶಾಲೆಯೊಂದರ ಅಂಗಳದಲ್ಲಿ ಸಭೆ ಸೇರಿತು. ಚೆರಿಯನ್ ಮುಂದಿನ ಸಾಲಿನಲ್ಲಿದ್ದರು. ಅಣ್ಣನ ಭಾಷಣವೆಂದು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದಿದ್ದರು. ಪಾಂಗಣ್ಣಾಯರು ಕರಿಹಲಗೆಯ ಮೇಲೆ ಮೂಗು, ಗಂಟಲು, ಎರಡು ದಾರಿ ಬರೆದರು. ಹೊಗೆಸೊಪ್ಪು ಬಿಡಬೇಡಿ, ಮಗುವನ್ನು ಮಲಗಿಸಬೇಡಿ, ಮುಂದಕ್ಕೆ ಬಗ್ಗಿಸಿ ಕೂರಿಸಿಕೊಂಡು ಪುತ್ತೂರಿಗೆ ತನ್ನಿ ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಡಾಕ್ಟ್ರು ಮೊದಲು ಬೇರೆ ಹೇಳಿದ್ದರಲ್ಲ ಎಂದು ಜನ ಗುಸುಗುಸು ಮಾಡತೊಡಗಿದರು. ಮೊದಲಿನ ಮಾತು ಬಿದ್ದುಹೋಗದೆ ಹೊಸ ಮಾತು ನಿಲ್ಲುವಂತಿರಲಿಲ್ಲ.

“ಮೊದಲು ಹೇಳಿದ್ದು ಸುಳ್ಳು,” ಎಂದರು ಪಾಂಗಣ್ಣಾಯರು. “ದುಃಖದಲ್ಲಿದ್ದವರಿಗೆ ಸಮಾಧಾನಕ್ಕೆ ಹೇಳಿದ್ದು. ನನ್ನದು ತಪ್ಪು.”

ಚೆರಿಯನ್ ಎದ್ದರು. ಬಲಗೈಯನ್ನು ಒಮ್ಮೆ ನೋಡಿಕೊಂಡು, ಅದನ್ನು ಹೆಗಲ ಟವಲಿನಲ್ಲಿ ಸುತ್ತಿಕೊಂಡು ಹೊರಟುಹೋದರು. ಆಮೇಲೆ ನೇಂದ್ರಬಾಳೆಯ ಗೊನೆ ಬರಲಿಲ್ಲ.

ಬಂದದ್ದು ಮಕ್ಕಳು. ಪ್ರತಿ ಬೇಸಗೆಯಲ್ಲೂ ಕೋಡಿಂಬಾಳದ ಕಡೆಯಿಂದ, ಮೂಗಿಗೆ ಒದ್ದೆ ಬಟ್ಟೆ ಹಿಡಿದು, ತಲೆ ಮುಂದಕ್ಕೆ ಬಗ್ಗಿಸಿಕೊಂಡು ಕೂತ ಮಕ್ಕಳು, ಚೆರಿಯನ್ನರ ಜೀಪಿನಲ್ಲೇ ಬಂದಿಳಿಯುತ್ತಿದ್ದರು. ಯಾರು ಕಳಿಸಿದ್ದೆಂದು ಪಾಂಗಣ್ಣಾಯರು ಕೇಳುತ್ತಿರಲಿಲ್ಲ. ಚಿಮುಟದಲ್ಲಿ ಜಿಗಣೆ ತೆಗೆದು, ಮಗುವಿನ ಕೈಗೊಂದು ಪೆಪ್ಪರಮಿಂಟು ಕೊಟ್ಟು, ಜೀಪು ತಿರುವು ದಾಟುವವರೆಗೆ ಜಗಲಿಯಲ್ಲಿ ನಿಂತಿರುತ್ತಿದ್ದರು. ಚಾಲಕನ ಜಾಗದಲ್ಲಿ ಯಾವತ್ತೂ ಬೇರೆಯವರೇ ಇರುತ್ತಿದ್ದರು.

ಈ ಗ್ರಂಥಕ್ಕೆ ನಾಲ್ಕು ಮಾತು ಕೇಳಲೆಂದು ದಮಯಂತಿಯವರು ಕಳೆದ ತಿಂಗಳು ಕೋಡಿಂಬಾಳಕ್ಕೆ ಹೋದರು. ತ್ರೇಸ್ಯಾಮ್ಮ ಹಾಲಿಲ್ಲದ ಕಟ್ಟನ್‌ಕಾಪಿ ಕೊಟ್ಟು ಒಳಗೆ ಹೋದರು. ಚೆರಿಯನ್ ತಮ್ಮ ಲೋಟವನ್ನು ಕೆಳಗಿಟ್ಟರು.

“ಸಿಸ್ಟರೇ, ಅವರು ಸುಳ್ಳು ಹೇಳಿದ್ದಕ್ಕೆ ನನಗೆ ಏಳು ವರ್ಷ ನಿದ್ದೆ ಬಂತು. ಸತ್ಯ ಹೇಳಿದ್ದಕ್ಕೆ ಬೇರೆಯವರ ಮಕ್ಕಳು ಉಳಿದ್ವು. ಎರಡೂ ಉಪಕಾರವೇ, ಹಾಗೇ ಬರೀರಿ. ಆದ್ರೆ ಅವರ ಮುಖ ನೋಡಿದ್ರೆ ನನಗೆ ನನ್ನ ಕೈ ಕಾಣ್ತದೆ. ನಾನು ಹೇಗೆ ಬರುದು, ಹೇಳಿ?”

ದಮಯಂತಿಯವರು ಪುತ್ತೂರಿಗೆ ಮರಳಿ ಈ ಮಾತನ್ನು ಹೇಳಿದಾಗ ಪಾಂಗಣ್ಣಾಯರು ಕನ್ನಡಕ ತೆಗೆದು ಒರೆಸಿ, “ಊಟ ಮಾಡ್ತಾರಂತಾ ಸರಿಯಾಗಿ?” ಎಂದಷ್ಟೇ ಕೇಳಿದರು.

ನಿವೃತ್ತಿಯ ಬಳಿಕ ಮಾನ್ಯರು ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಮೂಗಿನ ಹಿಂದಿನ ದಾರಿಯನ್ನು ಬರೆದು ತೋರಿಸುವವರಿದ್ದಾರೆ. ಆ ಕೆಲಸಕ್ಕೆ ಅವರ ಕಾಲಿಗೂ ಕಂಠಕ್ಕೂ ಬಲವಿರಲಿ. ದೀರ್ಘಾಯುಷ್ಯವನ್ನೂ ಕೋರುತ್ತೇವೆ, ವಾಡಿಕೆಗಾಗಿ ಅಲ್ಲ. ಕೋಡಿಂಬಾಳದ ಬಸ್ಸು ದಿನವೂ ಪುತ್ತೂರಿಗೆ ಬರುತ್ತದೆ. ಅದರಿಂದ ಚೆರಿಯನ್ ಒಮ್ಮೆ ಇಳಿಯುವವರೆಗಾದರೂ ಪಾಂಗಣ್ಣಾಯರು ಇರಲಿ.