ಬೆಲ್ಜಿಯಮ್ಮಿಗೆ ಹೋದ ಒಂದು ಚಿಟಿಕೆ ವಿಭೂತಿ

ಹೋದ ವಾರ ಬೆಲ್ಜಿಯಮ್ಮಿನಿಂದ ಒಂದು ಪಾರ್ಸಲ್ ಬಂತು. ರಟ್ಟಿನ ಪೆಟ್ಟಿಗೆಯ ಟೇಪು ಕೊಯ್ದು ಮುಚ್ಚಳ ತೆಗೆದೆ. ಹಳೆಯ ಕಾಗದದ ವಾಸನೆ ಬರುವುದು ರೂಢಿ. ಅದರ ಜೊತೆಗೆ ಇನ್ನೊಂದು ವಾಸನೆ ಇತ್ತು, ಸುಟ್ಟ ಅರಗಿನದು. ಎರಡು ಕಾಮಿಕ್ಸ್ ಪುಸ್ತಕಗಳ ಅಡಿಯಲ್ಲಿ ಮಡಿಚಿಟ್ಟ ಬಿಳಿ ಮಾದರಪಾಟ ಬಟ್ಟೆ. ಅಂಚಿನುದ್ದಕ್ಕೂ ದಪ್ಪ ದಾರದ ಹೊಲಿಗೆ, ಹೊಲಿಗೆಯ ಮೇಲೆ ಬಿರುಕು ಬಿಟ್ಟ ಕೆಂಪು ಅರಗಿನ ಬೊಟ್ಟುಗಳು. ಬಟ್ಟೆಯ ಮೂಲೆಯಲ್ಲಿ, ಕಳಿಸಿದವರ ವಿಳಾಸ ಬರೆಯುವ ಕಡೆ, ನನ್ನದೇ ಹೆಸರು.

ಪೆಟ್ಟಿಗೆ ಕಳಿಸಿದ ಅಲ್ಲಿಯ ಪುಸ್ತಕದಂಗಡಿಯವನು ಒಂದು ಚೀಟಿ ಇಟ್ಟಿದ್ದ. ವಯಸ್ಸಾಯಿತು, ಅಂಗಡಿ ಮುಚ್ಚುತ್ತಿದ್ದೇನೆ, ನೀವು ಹಿಂದೆ ಕಳಿಸಿದ ಪಾರ್ಸಲ್ಲಿನ ಬಟ್ಟೆಯನ್ನು ಇಷ್ಟು ವರ್ಷ ಗೋಡೆಗೆ ತೂಗುಹಾಕಿದ್ದೆ, ಇಂಥ ಹೊಲಿಗೆ ನಮ್ಮ ಕಡೆ ಯಾರೂ ಕಂಡಿಲ್ಲ, ಇನ್ನು ಇದು ನಿಮ್ಮ ಬಳಿಯೇ ಇರಲಿ ಎಂದು ಬರೆದಿದ್ದ. ಪಾಪ, ಅವನಿಗೇನು ಗೊತ್ತು... ಹನ್ನೆರಡು ವರ್ಷ ಕಣ್ಣಿಗೆ ಬೀಳದಿರಲಿ ಎಂದುಕೊಂಡಿದ್ದ ವಸ್ತುವನ್ನು ಅವನು ಅಂಚೆ ವೆಚ್ಚ ತಾನೇ ಹಾಕಿ ಮನೆ ಬಾಗಿಲಿಗೆ ಮುಟ್ಟಿಸಿದ್ದ.

ಆ ಹೊಲಿಗೆ ಪಾರ್ಸಲ್ ಕಾಕಾನದು. ಗದಗಿನಲ್ಲಿ ಪೋಸ್ಟ್ ಆಫೀಸಿನ ಎದುರಿನ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು ಅವರು ಕೂರುತ್ತಿದ್ದರು. ದಬ್ಬಣ, ಮೇಣ ಹಚ್ಚಿದ ದಾರ, ಅರಗಿನ ಕಡ್ಡಿ, ಮೇಣಬತ್ತಿ, ಒಂದು ನೇರಳೆ ಪೆನ್ಸಿಲ್. ದೂರದೂರಿಗೆ ಹೋಗುವ ಪಾರ್ಸಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗು ಹಾಕಿ ಕೊಡುವುದು ಅವರ ಕೆಲಸ. ಅರಗು ಬಿಸಿ ಇರುವಾಗಲೇ ಹಳೆಯ ಕೋಟಿನ ಹಿತ್ತಾಳೆ ಗುಂಡಿಯೊಂದನ್ನು ಅದರ ಮೇಲೆ ಒತ್ತುತ್ತಿದ್ದರು. ಅದೇ ಅವರ ಮುದ್ರೆ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ವಿಳಾಸವನ್ನು ನೋಡಿ ನೋಡಿ ಚಿತ್ರ ಬಿಡಿಸಿದಂತೆ ಬರೆಯುತ್ತಿದ್ದರು. ನಾನು ಡ್ರಾಯಿಂಗ್ ಮಾಸ್ತರ. ಆ ಅಕ್ಷರ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ನನ್ನ ಮನೆ ಬೆಟಗೇರಿಯಲ್ಲಿ, ಶಾಲೆ ಲಕ್ಷ್ಮೇಶ್ವರದಲ್ಲಿ. ಆಗ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಬರುತ್ತಿದ್ದ ಸಂಬಳಕ್ಕೆ ಬೆಲ್ಜಿಯಮ್ಮಿನಿಂದ ಕಾಮಿಕ್ಸ್ ತರಿಸುವ ಈ ಹುಚ್ಚು ಹೊಂದುತ್ತಿರಲಿಲ್ಲ, ಆದರೂ ಬಿಡಲಾಗಲಿಲ್ಲ. ಅಲ್ಲಿಯ ಕಾಮಿಕ್ಸುಗಳಲ್ಲಿ ಒಂದೊಂದು ಗೆರೆಯೂ ಉಸಿರಾಡುತ್ತಿತ್ತು. ಭಾಷೆ ಬರದಿದ್ದರೂ ಚಿತ್ರ ನೋಡುತ್ತಲೇ ಭಾನುವಾರ ಕಳೆಯುತ್ತಿದ್ದೆ.

ಹೊರದೇಶದಿಂದ ಕಾಮಿಕ್ಸ್ ತರಿಸುವವನಿಗೆ ಪುಸ್ತಕದ ಬೆಲೆ ಒಂದು ಬೆಲೆಯೇ ಅಲ್ಲ, ಅದು ಬರುವ ದಾರಿಯದೇ ಬೆಲೆ. ಕುರಿಯರ್ ಆದರೆ ಒಂದು ವಾರದಲ್ಲಿ ಮನೆಗೆ ಬರುತ್ತಿತ್ತು, ಆದರೆ ಬಾಡಿಗೆ ಪುಸ್ತಕದ ಮೂರು ಪಟ್ಟು, ಮೇಲೆ ಸುಂಕ ಬೇರೆ. ವಿಮಾನದ ಅಂಚೆಗೆ ಎರಡು ಮೂರು ವಾರ ಬೇಕು, ಎಲ್ಲಿ ತಲುಪಿದೆ ಎಂದು ನೋಡಲು ಒಂದು ನಂಬರ್ ಕೊಡುತ್ತಾರೆ. ಹಡಗಿನಲ್ಲಿ ಬಂದರೆ ಅಗ್ಗ, ಆದರೆ ಮೂರು ತಿಂಗಳೋ ನಾಲ್ಕೋ, ನಂಬರೂ ಇಲ್ಲ, ದೇವರ ಮೇಲೆ ಭಾರ ಹಾಕಿ ಕೂರಬೇಕು. ಮೊದಲ ಅರ್ಧ ಕಿಲೋ ಭಾರದ್ದೇ ದುಬಾರಿ, ಹಾಗಾಗಿ ಕೊಂಡ ಪುಸ್ತಕಗಳನ್ನು ಆರು ತಿಂಗಳು ಅಂಗಡಿಯವನ ಬಳಿಯೇ ಬಿಟ್ಟು, ಒಟ್ಟಿಗೆ ಒಂದೇ ಪೆಟ್ಟಿಗೆಯಲ್ಲಿ ತರಿಸುತ್ತಿದ್ದೆ. ಸುಂಕ ಉಳಿಸಲು ಪೆಟ್ಟಿಗೆಯ ಮೇಲೆ ಕಡಿಮೆ ಬೆಲೆ ಬರೆಸಿಕೊಳ್ಳುವ ಗೆಳೆಯರಿದ್ದರು. ನಾನು ಹುಟ್ಟಾ ಪುಕ್ಕಲ. ಪೈಸೆ ಸಮೇತ ನಿಜವಾದ ಬೆಲೆ ಬರೆಸಿ, ಆಮೇಲೂ ನಿದ್ದೆಗೆಡುತ್ತಿದ್ದೆ.

ಒಮ್ಮೆ ಹೀಗೆ ಬಂದ ಪೆಟ್ಟಿಗೆಯಲ್ಲಿ ನನ್ನದಲ್ಲದ ಒಂದು ಪುಸ್ತಕವಿತ್ತು. ಅಂಗಡಿಯವನು ಬೇರೆ ಗಿರಾಕಿಯ ಪುಸ್ತಕವನ್ನು ಕಣ್ತಪ್ಪಿ ನನಗೆ ಹಾಕಿಬಿಟ್ಟಿದ್ದ. ಬಹಳ ಹಳೆಯ ಮೊದಲ ಮುದ್ರಣ. ನನ್ನ ಒಂದು ವರ್ಷದ ಸಂಬಳಕ್ಕೂ ಅದು ಬರುತ್ತಿರಲಿಲ್ಲ. ಅವನು ಗಾಬರಿಯಿಂದ ಮೇಲ್ ಬರೆದ, ದಯವಿಟ್ಟು ವಾಪಸು ಕಳಿಸಿ, ವೆಚ್ಚಕ್ಕೆ ಬದಲಾಗಿ ನಿಮಗೆ ಬೇಕಾದ ಪುಸ್ತಕ ಕೊಡುತ್ತೇನೆ ಎಂದು. ಅದು ಮನೆಯಲ್ಲಿದ್ದ ನಾಲ್ಕು ದಿನ ನಾನು ಒಲೆ ಹಚ್ಚಲೂ ನೀರಿನ ತಂಬಿಗೆ ಹಿಡಿಯಲೂ ಅಂಜಿದೆ. ಕಳಿಸೋಣವೆಂದು ವಿಚಾರಿಸಿದರೆ ಕುರಿಯರಿನವರು ಹೇಳಿದ ಬಾಡಿಗೆಗೆ ತಲೆ ತಿರುಗಿತು. ಹಡಗಿನ ದಾರಿ ಇದೆಯಲ್ಲ ಎಂದು ಕಾಕಾನ ಮುಂದೆ ಬಾಯಿ ತೆಗೆದೆ.

"ಹಡಗಿನ್ಯಾಗ ಹಾಕಿದ್ರ ಅಗ್ಗ ಆಕ್ಕೈತಿ, ಖರೆ ಐತ್ರಿ ಮಾಸ್ತರ" ಎಂದರು. "ಆದ್ರ ಮೂರ ತಿಂಗಳ ಉಪ್ಪಿನ ಗಾಳಿ ಕುಡೀತೈತಿ. ಆ ಊರ ಮುಟ್ಟೂದ್ರಾಗ ನಿಮ್ಮ ಪುಸ್ತಕ ಉಪ್ಪಿನಕಾಯಿ ಆಗಿರತೈತಿ. ವಿಮಾನಕ್ಕ ಹಾಕ್ರಿ, ರಿಜಿಸ್ಟರ್ ಮಾಡ್ರಿ. ಹೊಲಿಗಿ ನಾ ನೋಡಕೋತೀನಿ."

ಅವರು ಪುಸ್ತಕಕ್ಕೆ ಮೊದಲು ಪ್ಲಾಸ್ಟಿಕ್ ಸುತ್ತಿ, ಎರಡೂ ಕಡೆ ರಟ್ಟು ಇಟ್ಟು, ಬಟ್ಟೆ ಸುತ್ತಿದರು. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು ದಬ್ಬಣದ ತುದಿಯನ್ನೇ ನೋಡುತ್ತಿದ್ದೆ, ಎಲ್ಲಿ ಪುಸ್ತಕಕ್ಕೆ ತಾಗುವುದೋ ಎಂದು. ಕಾಕಾನಿಗೆ ಒಂದು ಪದ್ಧತಿ ಇತ್ತು. ದಿನಾ ಬೆಳಿಗ್ಗೆ ಹಣೆಗೆ ಧರಿಸುವ ವಿಭೂತಿ ಗಟ್ಟಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಗಡಿಯಲ್ಲಿರುವ ಸೈನಿಕ ಮಕ್ಕಳಿಗೆ, ದೂರ ಓದಲು ಹೋದವರಿಗೆ ರೊಟ್ಟಿ, ಶೇಂಗಾ ಹಿಂಡಿ ಹೋಗುವಾಗ ಅದರಿಂದ ಒಂದು ಚಿಟಿಕೆ ಉದುರಿಸಿ, ಕಾಗದದಲ್ಲಿ ಮಡಿಚಿ ಪಾರ್ಸಲ್ಲಿನೊಳಗೆ ಇಡುತ್ತಿದ್ದರು. ಮನುಷ್ಯರಿಗೆ ಹೋಗುವ ಪಾರ್ಸಲ್ಲಿಗೆ ಮಾತ್ರ. ಪುಸ್ತಕಕ್ಕೆ ಇಟ್ಟದ್ದನ್ನು ನಾನು ನೋಡಿರಲಿಲ್ಲ.

"ಕಾಕಾ, ಇದಕ್ಕೂ ಒಂದ ಚಿಟಿಕಿ ಇಡ್ರಿ" ಎಂದೆ. "ಭಾಳ ದೂರ ಹೊಂಟೈತಿ. ಜೀವ ಹೊಡಕೊಳ್ಳಾಕತ್ತೈತಿ."

ಅವರು ನಕ್ಕರು. ಪುಸ್ತಕಕ್ಕ್ಯಾಕ ಅಂಜಿಕಿ ಎಂದು ಕೇಳಲಿಲ್ಲ. ಅಂಜಿಕೆ ಯಾರದು ಎಂದು ಅವರಿಗೆ ಗೊತ್ತಿತ್ತು. ವಿಭೂತಿಯ ಪೊಟ್ಟಣವನ್ನು ರಟ್ಟಿನ ಸಂದಿಯಲ್ಲಿ ಸರಿಸಿ, ಕೊನೆಯ ಮಗ್ಗುಲನ್ನು ಹೊಲಿದು, ಗುಂಡಿ ಒತ್ತಿದರು.

ಆಮೇಲೆ ಶುರುವಾಯಿತು ನನ್ನ ಕಾಯುವಿಕೆ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಆ ನಂಬರನ್ನು ಎಷ್ಟು ಸಲ ಒತ್ತಿದೆನೋ. ಗದಗ ಬಿಟ್ಟಿತು, ಹುಬ್ಬಳ್ಳಿ ದಾಟಿತು, ಮುಂಬೈ ತಲುಪಿತು. ಅಲ್ಲಿಗೆ ನಿಂತಿತು. ಒಂದು ವಾರ, ಎರಡು ವಾರ, ಪರದೆಯ ಮೇಲೆ ಅದೇ ಒಂದು ಸಾಲು. ಬೆಲ್ಜಿಯಮ್ಮಿನವನು ಮರ್ಯಾದೆಯಿಂದಲೇ ಕೇಳುತ್ತಿದ್ದ, ಕಳಿಸಿದಿರಾ ಎಂದು. ಪುಸ್ತಕ ಒಳಗೆ ಹಾಕಿಕೊಂಡೆ ಎಂದು ತಿಳಿಯುತ್ತಾನೇನೋ ಎಂದು ಊಟ ಸೇರುತ್ತಿರಲಿಲ್ಲ.

ಮೂರನೇ ವಾರ ನನ್ನ ಹೆಸರಿಗೆ ಸರ್ಕಾರಿ ಲಕೋಟೆ ಬಂತು. ದೇಶ ಬಿಡುವ ಮುಂಚಿನ ತಪಾಸಣೆಯಲ್ಲಿ ಪಾರ್ಸಲ್ಲಿನೊಳಗೆ ಬಿಳಿ ಪುಡಿ ಸಿಕ್ಕಿದೆ, ಪರೀಕ್ಷೆಗೆ ಕಳಿಸಲಾಗಿದೆ, ಸ್ಥಳೀಯ ಠಾಣೆಯಿಂದ ವಿಚಾರಣೆ ಆಗುವುದು. ಕೆಳಗೆ ಮೂರು ಪ್ರಶ್ನೆಗಳು. ಪುಡಿ ಏನು? ಪಾರ್ಸಲ್ ಕಟ್ಟಿದವರು ಯಾರು, ಅವರ ಹೆಸರು, ವಿಳಾಸ? ಪುಡಿ ಇಟ್ಟದ್ದು ಕಳಿಸಿದವರಿಗೆ ತಿಳಿದಿತ್ತೇ?

ನನ್ನನ್ನು ಖಾಯಂ ಮಾಡುವ ಫೈಲು ಅದೇ ತಿಂಗಳು ಮೇಲಿನ ಕಚೇರಿಗೆ ಹೋಗಿತ್ತು. ನಡತೆ ಹೇಗಿದೆ ಎಂದು ಅದೇ ಠಾಣೆಯಿಂದ ವರದಿ ಹೋಗಬೇಕಿತ್ತು. ಏಳು ವರ್ಷ ಅರೆ ಸಂಬಳಕ್ಕೆ ದುಡಿದದ್ದು ಒಂದು ಪುಡಿ ಪೊಟ್ಟಣದಲ್ಲಿ ಹೋಗಿಬಿಡುತ್ತದೆ ಎನಿಸಿತು. ಬಾಗಿಲು ಬಡಿದರೆ ಪೊಲೀಸರು, ಗಂಡಸಿನ ಕೆಮ್ಮು ಕೇಳಿದರೆ ಪೊಲೀಸರು. ಹಾಲಿನವನು ಕೂಗಿದರೂ ಒಳಗೆ ಸರಿಯುತ್ತಿದ್ದೆ. ಹೆಂಡತಿ ಏನಾಗಿದೆ ಎಂದು ಕೇಳಿದರೆ ಪಿತ್ತ ಎಂದೆ.

ವಿಭೂತಿ ಎಂದು ಬರೆಯಬಹುದಿತ್ತು. ನಾನೇ ಕೇಳಿ ಇಡಿಸಿದೆ ಎಂದು ಬರೆಯಬಹುದಿತ್ತು. ನಿಜ ಅಷ್ಟು ಸಣ್ಣದಿತ್ತು. ಆದರೆ ಪೆನ್ನು ಹಿಡಿದಾಗ ಕಂಡದ್ದು ಮೂರನೇ ಪ್ರಶ್ನೆ ಒಂದೇ. ಕಟ್ಟಿದವರ ಹೆಸರನ್ನು ನನ್ನ ದುಂಡಗಿನ ಅಕ್ಷರದಲ್ಲಿ ತಪ್ಪಿಲ್ಲದೆ ಬರೆದೆ. ಅವರು ಕೂರುವ ಜಾಗ ಬರೆದೆ, ಮನೆ ಇರುವ ಓಣಿ ಬರೆದೆ. ಪುಡಿ ಏನೆಂದು ಅವರನ್ನೇ ಕೇಳಬೇಕು ಎಂದೆ. ಇಟ್ಟದ್ದು ನನಗೆ ತಿಳಿದಿರಲಿಲ್ಲ ಎಂದು ಮುಗಿಸಿ ಸಹಿ ಹಾಕಿದೆ. ಅದನ್ನು ಅಂಚೆಗೆ ಹಾಕಲು ಹೋದಾಗ ಎದುರಿನ ಮೆಟ್ಟಿಲ ಕೆಳಗಿಂದ ಕಾಕಾ ಕೈ ಎತ್ತಿ ಕರೆದರು. ಬಸ್ಸಿಗೆ ಹೊತ್ತಾಯಿತು ಎಂದು ಸನ್ನೆ ಮಾಡಿ ದಾಟಿಹೋದೆ.

ಹತ್ತು ದಿನವಾಗಿರಬೇಕು... ಮಧ್ಯಾಹ್ನ ಎರಡನೇ ಗಂಟೆ ಹೊಡೆದಾಗ ಶಾಲೆಯ ಗೇಟಿನ ಹತ್ತಿರ ಯಾರೋ ಬಂದಿದ್ದಾರೆ ಎಂದರು. ನೋಡಿದರೆ ಕಾಕಾ. ಒಗೆದ ಧೋತರ, ಟೊಪ್ಪಿಗೆ, ಕೈಯಲ್ಲಿ ಚೀಲ. ಗದಗ ಬಿಟ್ಟು ಎಲ್ಲೂ ಹೋಗದ ಮನುಷ್ಯ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಬಂದಿದ್ದರು. ಹೆಸರು ಬರೆದುಕೊಟ್ಟದ್ದು ಅವರಿಗೆ ಗೊತ್ತಾಗಿಹೋಗಿದೆ, ಕೇಳಲೆಂದೇ ಬಂದಿದ್ದಾರೆ ಎಂದುಕೊಂಡೆ. ಉಳಿದ ಮಾಸ್ತರರ ಎದುರು ನೀರಿಳಿಸಿಬಿಡುತ್ತಾರೆ ಎಂದು ಅವರನ್ನು ಬೇವಿನ ಮರದ ಆಚೆ ಕರೆದುಕೊಂಡು ಹೋದೆ.

ಅವರು ದನಿ ಸಣ್ಣದು ಮಾಡಿದರು. "ಠಾಣಿಗೆ ಕರಿಸಿದ್ರು. ನಮ್ಮ ಪಾರ್ಸಲ್ಲಿನ ಸುದ್ದಿ. ಅರಗಿನ ಮ್ಯಾಲಿನ ಗುಂಡಿ ಮುದ್ರಿ ನೋಡಿ ನನ್ನ ಗುರ್ತ ಹಿಡದಾರ ನೋಡ್ರಿ." ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಆಮೇಲೆ ನನ್ನ ಮುಂಗೈ ಹಿಡಿದರು. "ನೀವೇನೂ ಅಂಜಬ್ಯಾಡ್ರಿ. ಪುಡಿ ನಾನ ಇಟ್ಟೀನಿ, ಮಾಸ್ತರಿಗೆ ಖಬರಿಲ್ಲ ಅಂತ ಹೇಳಿ ಬಂದೀನಿ. ನಿಮ್ಮ ನೌಕರಿ ಖಾಯಂ ಆಗೂ ಹೊತ್ತು ಇದು. ನಂದೇನೈತಿ?"

ಇಬ್ಬರೂ ಒಂದೇ ಸುಳ್ಳು ಹೇಳಿದ್ದೆವು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ಅವರು ನನ್ನನ್ನು ಉಳಿಸಲು ಹೇಳಿದ್ದರು. ನಾನೂ ನನ್ನನ್ನು ಉಳಿಸಲೇ ಹೇಳಿದ್ದೆ. ಅವರಿಗೆ ಚಹಾ ತರಿಸಿ, ಬಸ್ಸು ಹತ್ತಿಸಿ ಬಂದೆ. ಮುದ್ರೆ ನೋಡಿ ಹುಡುಕಿದರು ಎಂಬ ಅವರ ನಂಬಿಕೆಯನ್ನು ಹಾಗೆಯೇ ಬಿಟ್ಟೆ.

ಇನ್ನೆರಡು ಸಲ ಅವರನ್ನು ಕರೆಸಿದರಂತೆ. ಯಾರೂ ಏನೂ ಅನ್ನಲಿಲ್ಲ, ಕುರ್ಚಿ ಕೊಟ್ಟು ಕೂರಿಸಿದ್ದರಂತೆ. ಆದರೆ ಠಾಣೆಯ ಮೆಟ್ಟಿಲನ್ನೇ ಕಾಣದ ಜೀವ ಅದು. ಅವರ ಒಳಗೆ ಅಂಜಿಕೆ ಹೊಕ್ಕಿತು. ಯಾರಾದರೂ ಪಾರ್ಸಲ್ ತಂದರೆ ಬಿಚ್ಚಿ ಬಿಚ್ಚಿ ನೋಡತೊಡಗಿದರು, ಹಿಟ್ಟು ಕಂಡರೆ ವಾಪಸು ಕೊಟ್ಟರು, ಹೊಲಿಗೆ ಸೊಟ್ಟಗಾಯಿತು. ಇದೆಲ್ಲ ನನಗೆ ಆ ಮೆಟ್ಟಿಲ ಪಕ್ಕದ ಪಾನಿನ ಅಂಗಡಿಯವನು ಆಮೇಲೆ ಹೇಳಿದ್ದು. ಆ ದಿನಗಳಲ್ಲಿ ನಾನು ಬೇರೆ ರಸ್ತೆ ಹಿಡಿದು ಓಡಾಡುತ್ತಿದ್ದೆ.

ಪುಡಿ ಬೂದಿಯೆಂದು ಪರೀಕ್ಷೆಯಲ್ಲಿ ತಿಳಿಯಿತು. ಪಾರ್ಸಲ್ಲನ್ನು ಬಿಟ್ಟರು, ಪುಸ್ತಕ ಒಂದು ಗೀರಿಲ್ಲದೆ ಬೆಲ್ಜಿಯಂ ತಲುಪಿತು. ಅದೇ ವಾರ ನನ್ನನ್ನು ಖಾಯಂ ಮಾಡಿದ ಆದೇಶವೂ ಬಂತು. ಪೇಢೆ ತೆಗೆದುಕೊಂಡು ಮೆಟ್ಟಿಲ ಕೆಳಗೆ ಹೋದರೆ ತಗಡಿನ ಪೆಟ್ಟಿಗೆ ಇರಲಿಲ್ಲ. "ಮುಂಡರಗಿ ಕಡೆ, ಕೊರ್ಲಹಳ್ಳಿಗೆ ಮಗಳ ಮನಿಗೆ ಹೋದ್ರು. ಇನ್ನ ಹೊಲಿಯಾಂಗಿಲ್ಲ ಅಂದ್ರು" ಎಂದ ಪಾನಿನವನು. ಪೇಢೆಯನ್ನು ಅವನಿಗೇ ಕೊಟ್ಟು ಬಂದೆ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಕೊರ್ಲಹಳ್ಳಿಗೆ ಹೋದೆ. ಹೇಳಿಬಿಡುವುದು ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಸ್ಸಿಳಿದರೆ ಹೊಳೆಯ ಕಡೆ ಹೋಗುವ ದಾರಿಯ ಕಟ್ಟೆಯ ಮೇಲೆ ಅವರು ಕೂತಿದ್ದು ಕಂಡಿತು, ಹರಿದ ಗೋಣಿಚೀಲವನ್ನು ಅದೇ ದಬ್ಬಣದಿಂದ ಹೊಲಿಯುತ್ತಿದ್ದರು. ಸೊರಗಿದ್ದರು. ನನ್ನನ್ನು ನೋಡಿರಲಿಲ್ಲ. ಇಪ್ಪತ್ತು ಹೆಜ್ಜೆ ಇದ್ದೀತು... ಹೋಗಿದ್ದರೆ ಅವರು ಎದ್ದು ನಿಂತು, ಮಗಳನ್ನು ಕೂಗಿ, ನನಗೆ ಚಹಾ ಮಾಡಿಸುತ್ತಿದ್ದರು. ಆ ಚಹಾ ಕುಡಿಯುವ ಧೈರ್ಯ ನನಗಿರಲಿಲ್ಲ. ಅದೇ ಬಸ್ಸು ತಿರುಗಿ ಬಂದಾಗ ಹತ್ತಿದೆ.

ಮರುವರ್ಷ ಅವರು ತೀರಿಹೋದ ಸುದ್ದಿಯನ್ನೂ ಪಾನಿನ ಅಂಗಡಿಯವನೇ ಹೇಳಿದ.

ಈಗ ಅವರ ಬಟ್ಟೆ ನನ್ನ ಮೇಜಿನ ಮೇಲಿದೆ. ಪಾರ್ಸಲ್ಲುಗಳು ಈಗ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ, ಹೋಗುತ್ತವೆ, ಹೊಲಿಯುವವರು ಯಾರಿಗೂ ಬೇಕಿಲ್ಲ. ನಿನ್ನೆ ಹೊಲಿಗೆಯ ಒಂದು ಮಡಿಕೆಯನ್ನು ಉಗುರಿನಿಂದ ಬಿಡಿಸಿದೆ. ಬೆರಳಿಗೆ ಬೆಳ್ಳಗೆ ಏನೋ ಹತ್ತಿತು. ವಿಭೂತಿಯೋ, ಹನ್ನೆರಡು ವರ್ಷದ ಧೂಳೋ ಗೊತ್ತಾಗಲಿಲ್ಲ. ಹಣೆಗೆ ಹಚ್ಚಿಕೊಳ್ಳಲು ಕೈ ಎತ್ತಿದೆ, ಆಗಲಿಲ್ಲ.

ಇದನ್ನು ಓದಿದ ಹೆಂಡತಿ, ಇಷ್ಟೆಲ್ಲ ಬರೆದು ಆ ಹಿರಿಯರ ಹೆಸರು ಒಂದು ಕಡೆಯೂ ಬರೆದಿಲ್ಲವಲ್ಲ ಎಂದಳು. ಬರೆಯುವುದಿಲ್ಲ. ಅವರ ಹೆಸರನ್ನು ನಾನು ಒಮ್ಮೆ ಬರೆದಿದ್ದೇನೆ, ದುಂಡಗಿನ ಅಕ್ಷರದಲ್ಲಿ, ತಪ್ಪಿಲ್ಲದೆ.