ಮೂವರಲ್ಲಿ ಒಬ್ಬರು

ತಿಕೋಟಾದ ಹೆಣ್ಣುಮಕ್ಕಳ ಶಾಲೆಗೆ ನಾವು ಮೂವರು ಶಿಕ್ಷಕಿಯರು ವಿಜಾಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ನಮ್ಮಲ್ಲಿ ಹಿರಿಯಳನ್ನು ನಾನು ಆಪಾ ಎನ್ನುತ್ತಿದ್ದೆ. ಅವಳ ತಂದೆಯದು ಉಪಲಿ ಬುರುಜಿನ ಕಡೆ ಹೊಲಿಗೆ ಅಂಗಡಿ. ಕೋಟು, ಶೆರವಾನಿ ಹೊಲಿಯುವುದರಲ್ಲಿ ಹೆಸರಾದವರು. ಆಪಾ ಮದುವೆ ಒಲ್ಲೆನೆಂದು ಹಟ ಹಿಡಿದು ನೌಕರಿಗೆ ಸೇರಿದ್ದಳು. ಕಿರಿಯಳನ್ನು ಮಕ್ಕಳು ಸಣ್ಣಕ್ಕೋರು ಅನ್ನುತ್ತಿದ್ದರು, ಅದೇ ಹೆಸರು ನಮ್ಮ ಬಾಯಲ್ಲೂ ಕೂತಿತು. ಅವಳ ಅಪ್ಪ ರೈಲ್ವೆಯಲ್ಲಿ ಹಳಿಯ ಕೆಲಸದವರು. ಅವಳು ಚಿಕ್ಕವಳಿದ್ದಾಗಲೇ ಮನೆಮಂದಿಯೆಲ್ಲ ಬೌದ್ಧರಾಗಿದ್ದರು. ನಾನು ಲಿಂಗಾಯತರ ಮನೆಯವಳು. ಅಕ್ಕನ ಮನೆಯಲ್ಲಿದ್ದು ನೌಕರಿ ಮಾಡುತ್ತಿದ್ದೆ. ಅಕ್ಕನ ಗಂಡ ತಾಲೂಕು ಕಚೇರಿಯಲ್ಲಿ ಗುಮಾಸ್ತರು.

ಮಧ್ಯಾಹ್ನ ಮಕ್ಕಳು ಊಟಕ್ಕೆ ಮನೆಗೆ ಹೋದಾಗ ಶಾಲೆಯ ಬೇವಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ಬುತ್ತಿಯ ಜೊತೆಗೆ ವಾದವೂ ಬಿಚ್ಚಿಕೊಳ್ಳುತ್ತಿತ್ತು. ಧರ್ಮ, ಚುನಾವಣೆ, ಹೆಣ್ಣುಮಕ್ಕಳ ಓದು, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಆಪಾ ಸಣ್ಣಕ್ಕೋರನ್ನು ಕೇಳಿದಳು, "ದೇವರ ಇಲ್ಲದ ಧರ್ಮ ಅದ ಹ್ಯಾಂಗ ನಡೀತೈತಿ? ಯಜಮಾನ ಇಲ್ಲದ ಮನಿ ಇದ್ದಂಗ ಆತಲ್ಲ."

"ಯಜಮಾನ ಇದ್ದ ಮನ್ಯಾಗೂ ಕೆಲಸ ಎಲ್ಲಾ ಹೆಣಮಕ್ಕಳೇ ಮಾಡತಾರಲ್ರಿ ಆಪಾ," ಎಂದಳು ಅವಳು.

"ನೀ ಏನಂತಿ?" ಎಂದು ಆಪಾ ನನ್ನ ಕಡೆ ತಿರುಗಿದಳು.

"ನಾ ಅವನ್ನ ಕೊರಳಾಗ ಕಟಗೊಂಡ ಅಡ್ಡಾಡತೇನಿ. ಎಲ್ಲಿ ಹೋದನಂತ ಹುಡುಕೂ ಕೆಲಸಿಲ್ಲ," ಎಂದೆ.

ಮೂವರೂ ನಕ್ಕೆವು. ಸಿಟ್ಟು ಬಂದ ದಿನಗಳೂ ಇದ್ದವು. ಆದರೆ ಸಂಜೆಯ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಒತ್ತಿಕೊಂಡು ಕೂತರೆ ಸಿಟ್ಟು ಇಳಿದುಹೋಗುತ್ತಿತ್ತು. ರಮಜಾನ್ ಹಬ್ಬಕ್ಕೆ ಆಪಾಳ ಮನೆಯಲ್ಲಿ ನಮಗೆ ಹಾಲು ಶಾವಿಗೆಯ ಸುರಕುಂಬಾ ಇದ್ದೇ ಇರುತ್ತಿತ್ತು. ಅವಳ ತಂದೆ ತಾವೇ ಬಟ್ಟಲು ತಂದು ಕೊಟ್ಟು, "ತಗೋರಿ ಅಕ್ಕೋರ," ಎನ್ನುತ್ತಿದ್ದರು. ಮಗಳ ವಯಸ್ಸಿನವರಿಗೂ ಬಹುವಚನ ಬಿಡದ ಮನುಷ್ಯ.

ತುರ್ತು ಪರಿಸ್ಥಿತಿ ಬಂದ ಮೇಲೆ ಕಟ್ಟೆಯ ಮೇಲಿನ ಮಾತು ತುಸು ಮೆಲ್ಲಗಾಯಿತು, ನಿಲ್ಲಲಿಲ್ಲ. ಶಾಲೆಯ ಹೊರಗೋಡೆಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸಿದರು. ಮನೆ ಮನೆಗೆ ಹೋಗಿ ಆಪರೇಶನ್ನಿಗೆ ಹೆಂಗಸರನ್ನು ಒಪ್ಪಿಸಿ ಕರೆತರಬೇಕೆಂದು ಶಿಕ್ಷಕರಿಗೂ ಹೇಳಿದರು. ನಾವು ಯಾರ ಮನೆಯ ಬಾಗಿಲಿಗೆ ಹೋದರೂ ಒಳಗಿನವರು ಮಕ್ಕಳ ಕೈಲಿ 'ಯಾರೂ ಇಲ್ಲ' ಎಂದು ಹೇಳಿಸುತ್ತಿದ್ದರು. ಮುಸಲ್ಮಾನರ ಓಣಿಯಲ್ಲಿ ಆಪಾಳನ್ನು ಒಬ್ಬ ಮುದುಕಿ ಅಂಗಳದಲ್ಲೇ ನಿಲ್ಲಿಸಿ, ನೀನೂ ನಮ್ಮವಳಾಗಿ ಈ ಕೆಲಸಕ್ಕೆ ಬಂದೆಯಾ ಎಂದು ಕೇಳಿದಳಂತೆ. ಸಣ್ಣಕ್ಕೋರಿಗೆ ಇನ್ನೊಂದು ಓಣಿಯಲ್ಲಿ ನೀರನ್ನೂ ಕೊಡಲಿಲ್ಲ. ಅದಕ್ಕೆ ಕಾರಣ ಆಪರೇಶನ್ನೋ, ಅವಳ ಜಾತಿಯೋ ನಮಗೆ ತಿಳಿಯಲಿಲ್ಲ.

ಅಂಥ ಒಂದು ಮಧ್ಯಾಹ್ನ ಹೆಡ್‌ಮಾಸ್ತರರು ಮೀಟಿಂಗಿಗೆಂದು ವಿಜಾಪುರಕ್ಕೆ ಹೋಗಿದ್ದರು. ಶಾಲೆಯಲ್ಲಿ ನಮ್ಮ ಮೂವರ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ಆಪಾ ರೊಟ್ಟಿ ಮುರಿಯುತ್ತ ಹೇಳಿದಳು, "ಇವತ್ತ ಹಡೀಬ್ಯಾಡ್ರಿ ಅಂತಾರ. ನಾಳಿ ಮಾತಾಡಬ್ಯಾಡ್ರಿ ಅಂತಾರ. ನಾಡದ ಉಸರ ಬಿಡಾಕೂ ಪರವಾನಗಿ ಕೇಳಬೇಕಾಗತೈತಿ."

ಮಾತು ಚೆನ್ನಾಗಿತ್ತು. ನಾನು ನಕ್ಕೆ. ಸಣ್ಣಕ್ಕೋರು ಮಾತ್ರ ಸುತ್ತ ನೋಡಿ, "ಸಾವಕಾಶ ಮಾತಾಡ್ರಿ ಆಪಾ," ಎಂದಳು.

ಆ ವಾರವೇ ಆಪಾಳಿಗೆ ವಿಜಾಪುರದ ಶಿಕ್ಷಣ ಇಲಾಖೆಯ ಕಚೇರಿಯಿಂದ ಕರೆ ಬಂತು. ಹೋಗಿ ಬಂದ ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು. ಬಸ್ಸು ಊರು ದಾಟುವತನಕ ಸುಮ್ಮನಿದ್ದಳು. ಆಮೇಲೆ ಹಿಂದೆ ಮುಂದೆ ನೋಡಿ ಮೆಲ್ಲಗೆ ಹೇಳಿದಳು, "ಸಾಹೇಬರು ಬಾಗಲಾ ಮುಚ್ಚಿಸಿದ್ರು. ಉಸರ ಬಿಡಾಕ ಪರವಾನಗಿ ಬೇಕಂತ ಅಂದೀರಂತಲ್ಲ ಅಕ್ಕೋರ, ಅಂತ ಕೇಳಿದ್ರು. ಒಂದ ಅಕ್ಷರ ಆಚೀಚಿ ಇಲ್ಲ."

"ಮತ್ತೇನಂದ್ರು?" ಎಂದೆ.

"ಬಾಯಿ ಹಿಡಕೊಂಡ ಇರ್ರಿ, ಮುಂದಿನ ಸಲ ಕರಿಯೂರು ನಾವಲ್ಲ ಅಂದ್ರು."

ಮುಂದಿನ ಸಲ ಕರೆಯುವವರು ಯಾರು ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಣ್ಣಕ್ಕೋರು ಕಿಟಕಿಯ ಹೊರಗೆ ನೋಡುತ್ತಿದ್ದವಳು ನನ್ನ ಕಡೆ ನೋಡಿದಳು. ಆಗಲೇ ನಾನೂ ಅವಳನ್ನು ನೋಡಿದೆ. ಇಬ್ಬರೂ ಕೂಡಲೇ ಕಣ್ಣು ತಿರುಗಿಸಿದೆವು. ಮಾತಾಡಿದವಳು ಆಪಾ. ಕೇಳಿದವರು ನಾವಿಬ್ಬರೇ. ನಾನು ಯಾರಿಗೂ ಹೇಳಿಲ್ಲವೆಂಬುದು ನನಗೆ ಗೊತ್ತಿತ್ತು. ಹಾಗಾದರೆ ಉಳಿದವಳು ಒಬ್ಬಳೇ.

ಬಹುಶಃ ಅವಳ ಲೆಕ್ಕವೂ ಅಷ್ಟೇ ಸರಳವಾಗಿತ್ತು.

ಆವತ್ತಿನಿಂದ ಊಟ ನಿಲ್ಲಲಿಲ್ಲ. ನಿಲ್ಲಿಸಿದರೆ ಅದೇ ಒಂದು ಸುದ್ದಿಯಾಗುತ್ತದೆಂಬ ಅಂಜಿಕೆ. ಕಟ್ಟೆಯ ಮೇಲೆ ಕೂತು ಬದನೆಕಾಯಿಯ ಎಣ್ಣೆಗಾಯಿ, ಚಟ್ನಿ ಹಿಂಡಿಗೆ ಹಾಕುವ ಬೆಳ್ಳುಳ್ಳಿ, ಯಾರ ಮಗುವಿಗೆ ನೆಗಡಿ, ಇಷ್ಟನ್ನೇ ಮಾತಾಡುತ್ತಿದ್ದೆವು. ಯಾರಾದರೂ 'ರೇಡಿಯೋದಾಗ ಕೇಳಿದೆ' ಎಂದರೆ ಉಳಿದಿಬ್ಬರು ನೀರಿನ ತಂಬಿಗೆಗೆ ಕೈ ಹಾಕುತ್ತಿದ್ದೆವು.

ನಾನು ಸಣ್ಣಕ್ಕೋರನ್ನು ಗಮನಿಸತೊಡಗಿದೆ. ಅವಳ ನೌಕರಿ ಕಾಯಂ ಆದ ಆದೇಶ ಅದೇ ದಿನಗಳಲ್ಲಿ ಬಂತು. ನಮ್ಮ ನಂತರ ಸೇರಿದವಳಿಗೆ ಇಷ್ಟು ಬೇಗ ಹೇಗೆ ಬಂತು ಎಂದು ಮನಸ್ಸು ಕೇಳಿತು. ಹೆಡ್‌ಮಾಸ್ತರರ ಖೋಲಿಯಲ್ಲಿ ಅವಳು ತುಸು ಹೆಚ್ಚು ಹೊತ್ತು ನಿಂತರೆ ನಾನು ವರಾಂಡದಲ್ಲಿ ಸುಮ್ಮನೆ ಸುಳಿದಾಡುತ್ತಿದ್ದೆ. ಅಕ್ಕನೊಂದಿಗೆ ಹೇಳಿಕೊಂಡರೆ ಅವಳು ನನ್ನ ಅನುಮಾನಕ್ಕೆ ಇನ್ನಷ್ಟು ಸೌದೆ ಹಾಕಿದಳು, "ಅಕಿ ಮಾರಿ ನೋಡಿದ್ರ ಗೊತ್ತಾಗತೈತಿ. ಹೆಚ್ಚ ಮಾತಾಡದ ಮಂದಿನ್ನ ನಂಬಬಾರದು." ನಾನು ತಲೆ ಆಡಿಸಿದೆ. ಸಣ್ಣಕ್ಕೋರು ಮಾತು ಕಡಿಮೆ ಮಾಡಿದ್ದು ಆಪಾಳಿಗೆ ಕರೆ ಬಂದ ಮೇಲೆ ಎಂಬುದು ಆಗ ಹೊಳೆಯಲಿಲ್ಲ.

ಅವಳೂ ನನ್ನನ್ನು ಬಿಟ್ಟಿರಲಿಲ್ಲ. ಒಂದು ಮುಂಜಾನೆ ಬಸ್ಸಿನಲ್ಲಿ, "ನಿಮ್ಮ ಭಾವ ಆರಾಮ ಅದಾರೇನ್ರಿ ಅಕ್ಕಾ? ಕಚೇರ್ಯಾಗ ದೊಡ್ಡ ದೊಡ್ಡವರ ಸಂಗ ಇರಬೇಕಲ್ಲ ಅವರಿಗೆ," ಎಂದಳು. ಅದುವರೆಗೆ ಅವಳು ನನ್ನ ಭಾವನನ್ನು ವಿಚಾರಿಸಿದ್ದೇ ಇಲ್ಲ. ಭಾವ ಸಂಜೆ ಮನೆಗೆ ಬಂದು ಅಂಗಿ ಕಳಚಿದರೆ ರಾತ್ರಿಯ ಊಟದತನಕ ಒಂದು ಮಾತೂ ಆಡದ ಮನುಷ್ಯ. ಆದರೂ ಅವಳ ಪ್ರಶ್ನೆ ನನ್ನ ತಲೆಯಲ್ಲಿ ಹುಳುವಿನಂತೆ ಹೊಕ್ಕಿತು. ಆಪಾಳ ಆ ಮಾತನ್ನು ನಾನು ನಕ್ಕು ಮನೆಯಲ್ಲಿ ಹೇಳಿದ್ದೆನೇ? ಭಾವ ಕೇಳಿಸಿಕೊಂಡರೇ? ಇಲ್ಲವೆಂದು ಗೊತ್ತಿದ್ದೂ ಅವರ ಚಪ್ಪಲಿಯ ಸಪ್ಪಳವಾದರೆ ನಾನೂ ಅಕ್ಕನೂ ಮಾತು ಬದಲಿಸತೊಡಗಿದೆವು.

ಇನ್ನೊಂದು ದಿನ ಸಣ್ಣಕ್ಕೋರು ನನ್ನೊಬ್ಬಳನ್ನೇ ಕರೆದು, "ಯಾರ ಮುಂದೂ ಹೇಳಬ್ಯಾಡ್ರಿ. ಪೊಲೀಸರು ಹುಡಕಾಕತ್ತಿದ್ದ ಮನಷಾ ಒಬ್ಬಾವ ನಿನ್ನೆ ನಮ್ಮ ಮನ್ಯಾಗ ಊಟಾ ಮಾಡಿ ಹೋದ. ನಮ್ಮಣ್ಣನ ಗೆಳೆಯ," ಎಂದಳು.

ಇದನ್ನು ನನಗೇಕೆ ಹೇಳಿದಳು ಎಂದು ಯೋಚಿಸಿ ಯೋಚಿಸಿ ನಿದ್ದೆ ಕೆಟ್ಟಿತು. ಯಾರಿಗೂ ಹೇಳಲಿಲ್ಲ. ಅವರ ಮನೆಗೆ ಯಾರೂ ಹುಡುಕಿಕೊಂಡು ಬರಲಿಲ್ಲ. ಅಷ್ಟಾದರೂ ಅವಳ ನೋಟ ಬದಲಾಗಲಿಲ್ಲ.

ಇದೆಲ್ಲದರ ನಡುವೆ ಆಪಾ ಇಬ್ಬರೊಡನೆಯೂ ಒಂದೇ ಥರ ಇದ್ದಳು. ನಮ್ಮಲ್ಲಿ ಯಾರನ್ನೂ ದೂರಲಿಲ್ಲ, ಯಾರ ಪರವಾಗಿಯೂ ಮಾತಾಡಲಿಲ್ಲ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಮುಂದಿನ ರಮಜಾನ್ ಹಬ್ಬಕ್ಕೆ ಅವಳು ಕರೆಯಲಿಲ್ಲ. ಅದೂ ಸರಿಯೇ, ಇಬ್ಬರಲ್ಲಿ ಒಬ್ಬಳು ಚಾಡಿಕೋರಳಾದರೆ ಮನೆಗೆ ಹೇಗೆ ಕರೆದಾಳು ಎಂದು ಸಮಾಧಾನ ಮಾಡಿಕೊಂಡೆ.

ದೀಪಾವಳಿಯ ರಜೆ ಮುಗಿದ ಮೇಲೆ ಸಣ್ಣಕ್ಕೋರು ತಾನೇ ಅರ್ಜಿ ಕೊಟ್ಟು ಬಬಲೇಶ್ವರಕ್ಕೆ ವರ್ಗ ಮಾಡಿಸಿಕೊಂಡಳು. ಹೋಗುವ ದಿನ ಮಕ್ಕಳು ಅತ್ತವು. ನಮ್ಮಿಬ್ಬರಿಗೂ ಅವಳು ಕೈ ಮುಗಿದು, "ಬರತೇನ್ರಿ," ಎಂದಳಷ್ಟೇ. ಅವಳು ಹೋದ ಮೇಲೆ ಕಟ್ಟೆಯಲ್ಲಿ ನಿರಾಳವಾಗಿ ಮಾತಾಡಬಹುದೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಒಮ್ಮೆ ನಾನು, "ಇನ್ನ ಅಂಜೂದೇನೈತಿ ಆಪಾ," ಎಂದರೆ ಅವಳು ರೊಟ್ಟಿಯ ಬಟ್ಟೆ ಮಡಚಿಟ್ಟು ಎದ್ದುಹೋದಳು. ನನ್ನನ್ನೇ ಸಂಶಯ ಪಡುತ್ತಿದ್ದಾಳೆ ಎಂದು ಮೊದಲ ಸಲ ನನಗೆ ಅನಿಸಿತು.

ಚುನಾವಣೆಯಾಗಿ ದಿಲ್ಲಿಯಲ್ಲಿ ಸರಕಾರ ಬದಲಾಯಿತು. ಚಹಾದಂಗಡಿಗಳಲ್ಲಿ ಮಂದಿ ಮತ್ತೆ ದೊಡ್ಡ ದನಿಯಲ್ಲಿ ಮಾತಾಡತೊಡಗಿದರು. ಆ ಬೇಸಿಗೆಯ ಒಂದು ಭಾನುವಾರ ಮುಂಜಾನೆ ಆಪಾ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು, "ಸೀರಿ ಬದಲಸು. ಬಬಲೇಶ್ವರಕ್ಕ ಹೋಗೂಣು," ಎಂದಳು. ಯಾಕೆಂದು ಕೇಳಿದರೆ ಹೇಳಲಿಲ್ಲ. ಬಸ್ಸು ಸಾರವಾಡ ದಾಟಿದರೂ ಬಾಯಿ ಬಿಡಲಿಲ್ಲ. ಎದುರಿಗೆ ಕೂಡಿಸಿ ನಮ್ಮಿಬ್ಬರನ್ನೂ ಪರೀಕ್ಷಿಸಲು ಕರೆದೊಯ್ಯುತ್ತಿದ್ದಾಳೆಂದು ನನಗೆ ಖಾತ್ರಿಯಾಯಿತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಸಣ್ಣಕ್ಕೋರು ಬಾಡಿಗೆ ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಮ್ಮನ್ನು ನೋಡಿ ಎದ್ದು ಚಾಪೆ ಹಾಸಿದಳು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಆಪಾ ನೀರನ್ನೂ ಮುಟ್ಟದೆ ನೆಟ್ಟಗೆ ಹೇಳಿದಳು, "ಸಾಹೇಬರಿಗೆ ಹೇಳಿದ್ದು ನಮ್ಮ ಅಬ್ಬಾ."

ನಮ್ಮಿಬ್ಬರಿಗೂ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಕಟ್ಟೆಯ ಮೇಲೆ ಆಡಿದ ಮಾತನ್ನು ಅವಳು ಅಂದು ರಾತ್ರಿ ಊಟಕ್ಕೆ ಕೂತಾಗ ಹೆಮ್ಮೆಯಿಂದ ತಂದೆಯ ಮುಂದೆ ಮತ್ತೆ ಆಡಿದ್ದಳು. ತಂದೆ ಎದ್ದು ಕಿಟಕಿ ಮುಚ್ಚಿದರಂತೆ. ಇಲಾಖೆಯ ಸಾಹೇಬರು ಅವರಲ್ಲಿ ಕೋಟು ಹೊಲಿಸುತ್ತಿದ್ದರು. ಅಳತೆ ಕೊಡಲು ಬಂದಾಗ ತಂದೆ ಅವರ ಕಾಲು ಮುಟ್ಟಿ, ಆ ಮಾತನ್ನು ಇದ್ದಂತೆಯೇ ಹೇಳಿ, ಮಗಳ ಬಾಯಿ ಜೋರು, ಪೊಲೀಸರ ಕಿವಿಗೆ ಬೀಳುವ ಮೊದಲು ನೀವೇ ಒಮ್ಮೆ ಗದರಿಸಿ ಹೇಳಿರಿ ಎಂದು ಬೇಡಿಕೊಂಡಿದ್ದರು.

"ನಿಮಗ ಯಾವಾಗ ಗೊತ್ತಾತ್ರಿ?" ಸಣ್ಣಕ್ಕೋರು ಕೇಳಿದಳು.

"ಸಾಹೇಬರು ಕರಸಿದ ದಿನಾನ. ಸಂಜೀಕ ಮನಿಗೆ ಹೋದಾಗ ಅಬ್ಬಾನೇ ಹೇಳಿದ್ರು."

ಅಂದರೆ ಮರುದಿನ ಬಸ್ಸಿನಲ್ಲಿ ನಮಗೆ ಸುದ್ದಿ ಹೇಳುವಾಗಲೇ ಅವಳಿಗೆ ಎಲ್ಲ ಗೊತ್ತಿತ್ತು. ನಾವಿಬ್ಬರು ಒಬ್ಬರನ್ನೊಬ್ಬರು ನೋಡಿ ಕಣ್ಣು ತಿರುಗಿಸಿದ್ದನ್ನೂ ಅವಳು ನೋಡಿದ್ದಳು.

"ಅಬ್ಬಾನ ಹೆಸರ ಹೇಳಿದ್ರ ಓಣ್ಯಾಗ ಅವರಿಗೆ ಸಿಐಡಿ ಅಂತ ಹೆಸರ ಬೀಳತಿತ್ತು," ಎಂದಳು. "ಅಂಗಡಿಗೆ ಯಾರ ಬರತಿದ್ರು? ನೀವು ನಾಕ ದಿನಕ್ಕ ಮರೀತೀರಿ ಅಂತ ತಿಳಕೊಂಡಿದ್ದೆ. ದಿನಾ ಹೋದಂಗ ಹೇಳೂದ ಇನ್ನೂ ಕಷ್ಟಾತು."

"ಈಗ ಯಾಕ ಹೇಳಾಕ ಬಂದ್ರಿ?" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಅಬ್ಬಾ ಕಳಿಸ್ಯಾರ. ಹಬ್ಬಕ್ಕ ನಿನ್ನ ಗೆಳತ್ಯಾರು ಯಾಕ ಬರಲಿಲ್ಲ ಅಂತ ಒಂದೇ ಸವನ ಕೇಳಾಕತ್ತಿದ್ರು. ನಿನ್ನೆ ಹೇಳಿಬಿಟ್ಟೆ. ನಾ ಅಂಜಿ ಹೇಳಿದ್ದಕ್ಕ ಆ ಹುಡುಗ್ಯಾರ ಕಳ್ಳರಾದ್ರೇನು, ಅಂದ್ರು. ಹೋಗಿ ನನ್ನ ಹೆಸರ ಹೇಳಿ ಬಾ, ಅಲ್ಲೀತನಕ ನನ್ನ ಕೂಡ ಮಾತಾಡಬ್ಯಾಡ ಅಂದ್ರು."

ಸಣ್ಣಕ್ಕೋರು ಮೊರದಲ್ಲಿದ್ದ ಜೋಳವನ್ನು ಡಬ್ಬಿಗೆ ಸುರುವಿ ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು, "ನಿಮ್ಮ ಅಬ್ಬಾನ ಮ್ಯಾಲ ನನಗ ಸಿಟ್ಟಿಲ್ರಿ. ಅವರು ಅಂಜಿದ್ರು. ಅಂಜಿದವರು ಏನರ ಮಾಡತಾರ. ನೀವು ಅಂಜಿರಲಿಲ್ಲ ಆಪಾ. ನೀವು ನಾಚಿಕೊಂಡ್ರಿ. ನಿಮ್ಮ ನಾಚಿಕಿ ಮುಚ್ಚಾಕ ನಾವಿಬ್ಬರೂ ಇಷ್ಟ ದಿನ ಒಬ್ಬರಿಗೊಬ್ಬರು ವೈರಿಗಳಾದ್ವಿ."

ಆಪಾ ಅಳಲಿಲ್ಲ. ಸಣ್ಣಕ್ಕೋರು ನಮಗೆ ಊಟ ಹಾಕಿದಳು. ಉಂಡು ಸಂಜೆಯ ಬಸ್ಸಿಗೆ ಮರಳಿದೆವು. ದಾರಿಯಲ್ಲಿ ಆಪಾ, "ಅಕಿ ನನ್ನ ಮಾಫ ಮಾಡ್ಯಾಳಂತಿಯೇನ?" ಎಂದು ಕೇಳಿದಳು. ಗೊತ್ತಿಲ್ಲವೆಂದೆ. ನಾನು ಮಾಡಿದ್ದೇನೆಯೇ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಆಪಾಳೂ ನಾನೂ ಒಂದೇ ಶಾಲೆಯಲ್ಲಿ ಮುಂದೆಯೂ ಇದ್ದೆವು. ಒಬ್ಬರ ಕಷ್ಟಕ್ಕೆ ಒಬ್ಬರು ಆದೆವು. ಆದರೆ ಅವಳೆದುರು ಮನಸ್ಸಿನಲ್ಲಿದ್ದುದನ್ನು ಹೇಳುವಾಗ ನಾಲಿಗೆ ಒಂದು ಗಳಿಗೆ ತಡೆಯುತ್ತಿತ್ತು. ನಾನು ಸಂಶಯಪಟ್ಟಿದ್ದ, ನನ್ನನ್ನು ಸಂಶಯಪಟ್ಟಿದ್ದ ಸಣ್ಣಕ್ಕೋರು ಮಾತ್ರ ವಿಚಿತ್ರವಾಗಿ ಹತ್ತಿರವಾದಳು. ರಜೆಯಲ್ಲಿ ಬಬಲೇಶ್ವರಕ್ಕೆ ಹೋಗಿ ಅವಳ ಮನೆಯಲ್ಲಿ ಉಳಿಯತೊಡಗಿದೆ. ಪೊಲೀಸರಿಂದ ತಪ್ಪಿಸಿಕೊಂಡು ಬಂದು ಉಂಡುಹೋದವನ ಕಥೆ ಬರೀ ಸುಳ್ಳು, ನನ್ನನ್ನು ಪರೀಕ್ಷಿಸಲು ಕಟ್ಟಿದ್ದು ಎಂದು ಒಮ್ಮೆ ಅವಳೇ ಹೇಳಿದಳು.

"ನಾ ಯಾರಿಗೂ ಹೇಳಲಿಲ್ಲಲ್ಲ. ಆವಾಗರ ನಂಬಬೇಕಿತ್ತು," ಎಂದೆ.

"ಶಾಣ್ಯಾಕಿ ಇದ್ದಾಳ, ಅದಕ್ಕ ಸುಮ್ಮನ ಅದಾಳ ಅನಕೊಂಡೆ," ಎಂದಳು. "ನೀವು ಹೇಳಿದ್ರೂ ನೀವೇ, ಹೇಳದಿದ್ರೂ ನೀವೇ. ಹಂಗಿತ್ತ ನೋಡ್ರಿ ನನ್ನ ತಲಿ."

ಅವಳು ಮತ್ತೆ ಹೇಳಿದಳು, "ಈಗೂ ವಿಜಾಪುರಕ್ಕ ಬಂದಾಗ ನಿಮ್ಮ ಭಾವ ಬಜಾರದಾಗ ಎದುರ ಬಂದ್ರ ನಾ ದಾರಿ ಬದಲಸ್ತೇನಿ. ಅವರದೇನೂ ತಪ್ಪಿಲ್ಲಂತ ಗೊತ್ತೈತಿ. ಆದ್ರೂ ಬದಲಸ್ತೇನಿ."

ನಾನು ನಗಲಿಲ್ಲ. ಮನೆಯಲ್ಲಿ ಭಾವನ ಚಪ್ಪಲಿಯ ಸಪ್ಪಳವಾದರೆ ನಾನೂ ಇನ್ನೂ ಮಾತು ಬದಲಿಸುತ್ತಿದ್ದೆ.