ಮುಳ್ಳು ಹಾಕಿದ ಮನೆಗೆ ಬಂದ ನರ್ಸಮ್ಮ

ಬಂಡಳ್ಳಿಯ ಪುಟ್ಟಗೌರಮ್ಮನಿಗೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹೆರಿಗೆ ನರ್ಸಿನ ಕೆಲಸ ಸಿಕ್ಕಿದ್ದು ೧೯೫೮ರ ಜೂನಿನಲ್ಲಿ. ಆಗ ಆಕೆಗೆ ಮೂವತ್ತೊಂದು ವರ್ಷ. ಗಂಡ ತೀರಿಹೋದ ಮೇಲೆ, ತಾಲ್ಲೂಕು ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಕೊಯಮತ್ತೂರಿನಲ್ಲಿ ಒಂದೂವರೆ ವರ್ಷ ಈ ಕೆಲಸ ಕಲಿತಿದ್ದಳು. ಆಮೇಲೆ ಹನೂರಿನಲ್ಲಿ ನಾಲ್ಕು ವರ್ಷ ಹಂಗಾಮಿಯಾಗಿ ದುಡಿದಳು. ಹನೂರಿನ ಹುದ್ದೆ ಮುಗಿಯಿತು. ಕೊಳ್ಳೇಗಾಲದ್ದು ಖಾಯಂ ಆಗುವ ಹುದ್ದೆ. ಅದು ಕೈತಪ್ಪಿದರೆ ಆಕೆಗೆ ಉಳಿಯುತ್ತಿದ್ದದ್ದು ಬಂಡಳ್ಳಿಯ ಅಣ್ಣನ ಮನೆ. ಅಲ್ಲಿ ಕೊಟ್ಟಿಗೆ ಕೆಲಸವಿತ್ತು, ಅತ್ತಿಗೆಯ ಮಾತಿತ್ತು, ಸಂಬಳವಿರಲಿಲ್ಲ.

ಲೇಡಿ ಡಾಕ್ಟರು ಮೊದಲ ದಿನವೇ ಒಂದು ಷರತ್ತು ಹೇಳಿದರು. ಆಳು ಬಂದು ಕರೆದರೆ ಹತ್ತು ನಿಮಿಷದಲ್ಲಿ ವಾರ್ಡಿಗೆ ಬರುವಷ್ಟು ಹತ್ತಿರ ಮನೆ ಮಾಡಬೇಕು. ಒಂದು ತಿಂಗಳಲ್ಲಿ ಮನೆಯ ವಿಳಾಸ ಕೊಡದಿದ್ದರೆ ಪಟ್ಟಿಯಲ್ಲಿ ನಿನ್ನ ನಂತರ ಇರುವವಳನ್ನು ಕರೆಸುತ್ತೇವೆ ಎಂದರು. ಆಸ್ಪತ್ರೆಯ ಕ್ವಾರ್ಟರ್ಸ್ ಎರಡಿದ್ದವು, ಎರಡರಲ್ಲೂ ಜನರಿದ್ದರು.

ಹನೂರಿನಲ್ಲಿ ಹಿಡಿದಿದ್ದ ಕೋಣೆಯಿಂದ ಪುಟ್ಟಗೌರಮ್ಮ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು, ಸಂಜೆಯ ಕೊನೆಯ ಬಸ್ಸಿಗೆ ಹಿಂದಿರುಗುತ್ತಿದ್ದಳು. ಕೂಸುಗಳು ಬಸ್ಸಿನ ವೇಳೆ ನೋಡಿ ಹುಟ್ಟುವುದಿಲ್ಲ. ಎರಡು ಸಲ ಬಸ್ಸು ತಪ್ಪಿ ವಾರ್ಡಿನ ಬೆಂಚಿನ ಮೇಲೆ ಮಲಗಿದಳು. ಮಧ್ಯಾಹ್ನ ಸಿಕ್ಕ ಬಿಡುವಿನಲ್ಲಿ ಮನೆ ಹುಡುಕಿದಳು.

ಬಂಡಳ್ಳಿಯವರ ಪಾಲಿಗೆ ಕೊಳ್ಳೇಗಾಲವೇ ದೊಡ್ಡ ಪಟ್ಟಣ. ಆ ವರ್ಷಗಳಲ್ಲಿ ಅದು ನಿಜಕ್ಕೂ ದೊಡ್ಡದಾಗುತ್ತಿತ್ತು. ಮೈಸೂರಿಗೆ ಸೇರಿದ ಮೇಲೆ ಹೊಸ ಕಚೇರಿಗಳು ಬಂದಿದ್ದವು, ಕಚೇರಿಗಳ ಜೊತೆ ಗುಮಾಸ್ತರು ಬಂದಿದ್ದರು, ಗುಮಾಸ್ತರ ಜೊತೆ ಬಾಡಿಗೆ ಏರಿತ್ತು. ಎರಡು ಕೋಣೆಗೆ ಹದಿನೈದು ರೂಪಾಯಿ ಕೇಳುತ್ತಿದ್ದರು. ಅದಾದರೂ ಹೇಗೋ ತೂಗಿಸಬಹುದಿತ್ತು. ಮನೆ ಕೊಡುವವರು ಎರಡು ಪ್ರಶ್ನೆ ಕೇಳುತ್ತಿದ್ದರು. ಯಾವ ಜನ ಎನ್ನುವುದು ಮೊದಲನೆಯದು. ಅದರಲ್ಲಿ ಪುಟ್ಟಗೌರಮ್ಮ ಪಾಸಾಗುತ್ತಿದ್ದಳು. ಏನು ಕೆಲಸ ಎನ್ನುವುದು ಎರಡನೆಯದು, ಅದರಲ್ಲಿ ಫೇಲಾಗುತ್ತಿದ್ದಳು.

ಮನೆಯ ಹಿಂಭಾಗದಲ್ಲಿ ರೇಷ್ಮೆ ಹುಳ ಸಾಕಿದ್ದ ಒಬ್ಬ ಹೆಂಗಸು ಇದನ್ನು ಬಿಡಿಸಿ ಹೇಳಿದಳು. ಹುಳ ಮೈಲಿಗೆ ತಡೆಯುವುದಿಲ್ಲ. ಒಂದು ಹೆರಿಗೆಗೆ ಹನ್ನೊಂದು ದಿನದ ಸೂತಕ. ಈ ನರ್ಸಮ್ಮ ತಿಂಗಳಿಗೆ ಇಪ್ಪತ್ತು ಹೆರಿಗೆ ಮಾಡಿಸಿ, ಅದೇ ಮೈಯಲ್ಲಿ ಮನೆಗೆ ಬರುತ್ತಾಳೆ.

"ನಿನ್ ಕೈ ಒಳ್ಳೇದು ಕಣವ್ವ, ಬ್ಯಾಡ ಅನ್ನಕಿಲ್ಲ. ಆದ್ರೆ ನೀನೇ ಲೆಕ್ಕ ಆಕು. ವರ್ಷದಲ್ಲಿ ಒಂದ್ ದಿನಾನಾರ ನೀನು ಮಡಿಯಾಗಿ ಇರ್ತೀಯಾ?"

ಪುಟ್ಟಗೌರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ದಿನವೂ ಇರಲಿಲ್ಲ. ಅದನ್ನು ಒಪ್ಪಿಕೊಂಡು ಎದ್ದು ಬಂದಳು.

ಇನ್ನೊಂದು ಕಡೆ ನಿವೃತ್ತ ಮೇಷ್ಟರೊಬ್ಬರು ಸೂತಕ, ಮೈಲಿಗೆ ಎಲ್ಲ ಮೂಢನಂಬಿಕೆಯೆಂದು ಅರ್ಧ ಗಂಟೆ ವಿವರಿಸಿದರು. ಕಾಫಿ ಕೊಟ್ಟರು. ದೇಶ ಮುಂದೆ ಬರಬೇಕಾದರೆ ನಿಮ್ಮಂಥವರು ಬೇಕು ಎಂದರು. ತಮ್ಮದೇನೂ ಅಭ್ಯಂತರವಿಲ್ಲ, ಆದರೆ ಒಳಗಿನವರನ್ನು ಕೇಳಬೇಕು ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಕಾಫಿಗೆ ಸಕ್ಕರೆ ಸಾಕಾಯಿತೇ ಎಂದು ಕೇಳಿದರು.

ತಿಂಗಳು ಮುಗಿಯಲು ಐದು ದಿನ ಇದ್ದಾಗ ವಾರ್ಡಿನ ಆಯಾ ದೊಡ್ಡಮಾದಮ್ಮ ಒಂದು ಮನೆಯ ಸುದ್ದಿ ತಂದಳು. ಬಟ್ಟೆ ಅಂಗಡಿಯ ವೃಷಭೇಂದ್ರಪ್ಪನವರ ಮನೆ. ಆಸ್ಪತ್ರೆಯಿಂದ ಮೂರು ಬೀದಿ ಆಚೆ. ಅವರ ತಾಯಿ ವೀರಮ್ಮ ಹದಿನೈದು ದಿನದ ಹಿಂದೆ ಕೆಟ್ಟ ನಕ್ಷತ್ರದಲ್ಲಿ ತೀರಿಕೊಂಡಿದ್ದರು. ಅಂಥ ನಕ್ಷತ್ರದಲ್ಲಿ ಸಾವಾದರೆ ಮನೆಯವರು ಆರು ತಿಂಗಳು ಆ ಮನೆ ಬಿಡಬೇಕು. ಬಾಗಿಲಿಗೆ ಜಾಲಿ ಮುಳ್ಳು ಹಾಕಿ, ಹೆಂಡತಿ ಮಕ್ಕಳ ಜೊತೆ ವೃಷಭೇಂದ್ರಪ್ಪನವರು ಅಂಗಡಿಯ ಹಿಂದಿನ ಎರಡು ಕೋಣೆಗೆ ಹೋಗಿದ್ದರು. ಅವರ ಜೊತೆಗೇ ಇದ್ದ ವಿಧವೆ ಅಕ್ಕ ಮಹಾದೇವಮ್ಮ, ಅಲ್ಲಿ ಜಾಗ ಸಾಲದೆ, ಯಳಂದೂರಿನಲ್ಲಿದ್ದ ಇನ್ನೊಬ್ಬ ತಮ್ಮನ ಮನೆ ಸೇರಿದ್ದರು.

ವೃಷಭೇಂದ್ರಪ್ಪನವರು ಲಿಂಗ ಕಟ್ಟಿದವರು, ಅವರ ಧರ್ಮದಲ್ಲಿ ಸೂತಕವೂ ಇಲ್ಲ, ನಕ್ಷತ್ರದ ದೋಷವೂ ಇಲ್ಲ. ಇದು ಅವರಿಗೆ ಗೊತ್ತಿತ್ತು. ಬೀದಿಯವರಿಗೆ ಗೊತ್ತಿರಲಿಲ್ಲ, ಹೀಗಾಗಿ ಮನೆ ಬಿಟ್ಟಿದ್ದರು. ಈಗ ಅವರ ಚಿಂತೆ ಬೇರೆ. ಆರು ತಿಂಗಳು ಬೀಗ ಹಾಕಿದರೆ ಗೆದ್ದಲು ಹತ್ತುತ್ತದೆ, ಹೆಂಚು ಕಳುವಾಗುತ್ತದೆ. ಕಾವಲಿಗೆ ಯಾರನ್ನು ಕರೆದರೂ ಬರಲಿಲ್ಲ.

ಪುಟ್ಟಗೌರಮ್ಮ ಅಂಗಡಿಗೆ ಹೋಗಿ ಕೇಳಿದಾಗ ಅವರು ಗಜಕಡ್ಡಿ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು. ಆಮೇಲೆ ಮಠದ ಅಯ್ನೋರನ್ನು ಕೇಳಿ ಬಂದರು. ಮನೆಯವರು ಇರಬಾರದು ಎಂದಿದೆಯೇ ಹೊರತು ಬಾಡಿಗೆಯವರ ವಿಷಯ ಎಲ್ಲೂ ಬಂದಿಲ್ಲ ಎಂದು ಅಯ್ನೋರು ಹೇಳಿದ್ದರು. ಆಕೆ ತರುವ ಸೂತಕದ ಬಗ್ಗೆ ವೃಷಭೇಂದ್ರಪ್ಪನವರಿಗೆ ಅಂಜಿಕೆ ಇರಲಿಲ್ಲ. ಮನೆ ಈಗಾಗಲೇ ಕೆಟ್ಟಿದೆ, ಈಕೆಯಿಂದ ಇನ್ನೇನು ಕೆಡಬೇಕು ಎಂಬುದು ಅವರ ವಾದ. ಅದನ್ನು ಅವರು ಆಕೆಯ ಎದುರಿಗೇ ಹೇಳಿದರು. ಬಾಡಿಗೆ ಆರು ರೂಪಾಯಿ. ಅವಧಿ ಪುಷ್ಯ ಮಾಸದವರೆಗೆ. ಮನೆಯಲ್ಲಿ ಏನಾದರೂ ಕಂಡರೆ ಬಂದು ತಿಳಿಸಬೇಕು.

"ಏನಾದ್ರೂ ಅಂದ್ರೆ?" ಎಂದು ಪುಟ್ಟಗೌರಮ್ಮ ಕೇಳಿದಳು.

"ಏನಾದ್ರೂ," ಎಂದು ಅವರು ಗಜಕಡ್ಡಿ ಎತ್ತಿಕೊಂಡರು.

ಮುಳ್ಳನ್ನು ಆಕೆ ತಾನೇ ಎಳೆದು ಹಾಕಿದಳು. ಎರಡು ದಿನ ಸ್ನಾನದ ನೀರು ಕಾಯಿಸಲು ಅದು ಸಾಕಾಯಿತು. ಮನೆ ದೊಡ್ಡದಿತ್ತು: ಜಗುಲಿ, ನಡುಮನೆ, ಮೂರು ಕೋಣೆ, ಹಿತ್ತಲಿನಲ್ಲಿ ಬಾವಿ. ಆಕೆ ಒಂದು ಕೋಣೆ ಮತ್ತು ಅಡಿಗೆಮನೆ ಮಾತ್ರ ಬಳಸಿದಳು. ಲೇಡಿ ಡಾಕ್ಟರು ಬಾಡಿಗೆ ಕಾಗದ ನೋಡಿ, ಆರು ತಿಂಗಳ ಮನೆ ಮನೆಯಲ್ಲ ಎಂದರು. ಪುಷ್ಯದ ಹೊತ್ತಿಗೆ ನಿಲ್ಲುವ ವಿಳಾಸ ತಂದರೆ ಖಾಯಂಗೆ ಬರೆಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದರು.

ಆಕೆ ಮತ್ತೆ ಹುಡುಕಿದಳು. ಮೊದಲು ಆಕೆ ಬರೀ ಹೆರಿಗೆ ನರ್ಸಾಗಿದ್ದಳು. ಈಗ ಮುಳ್ಳು ಹಾಕಿದ ಮನೆಯಲ್ಲಿರುವ ಹೆರಿಗೆ ನರ್ಸಾಗಿದ್ದಳು. ಜನ ಎರಡನೆಯ ಪ್ರಶ್ನೆಯವರೆಗೂ ಹೋಗುತ್ತಿರಲಿಲ್ಲ.

ಹೀಗಿದ್ದರೂ ಹೆರಿಗೆಗೆ ಮಾತ್ರ ಎಲ್ಲರೂ ಕರೆಯುತ್ತಿದ್ದರು. ಆಸ್ಪತ್ರೆಗೆ ಬರದವರ ಮನೆಗೂ ಆಕೆ ಹೋಗುತ್ತಿದ್ದಳು. ಕೊಳ್ಳೇಗಾಲದ ಹೆಂಗಸರು ಆಕೆಯಲ್ಲಿ ಬೇಗ ಕಂಡುಕೊಂಡ ಗುಣ ಒಂದು: ಒಂದು ಮನೆಯಲ್ಲಿ ಕಂಡದ್ದನ್ನು ಇನ್ನೊಂದು ಮನೆಯಲ್ಲಿ ಆಡುವವಳಲ್ಲ. ಮಗು ಸತ್ತು ಹುಟ್ಟಿದ್ದೋ, ಮದುವೆಯಾದ ಏಳು ತಿಂಗಳಿಗೇ ದಿನ ತುಂಬಿದ ಮಗು ಹುಟ್ಟಿದ್ದೋ, ಗಂಡ ಎನ್ನುವವನು ಬಾಗಿಲಿಗೂ ಬಾರದೆ ಹೋದದ್ದೋ, ಯಾವುದನ್ನು ಕೆದಕಿದರೂ ಆಕೆಯಿಂದ ಬರುತ್ತಿದ್ದ ಉತ್ತರ ಒಂದೇ, ಎಲ್ಲ ಚೆನ್ನಾಗಿದೆ, ಹೇಳುವಂಥದ್ದೇನೂ ಇಲ್ಲ. ನಿಜ ಸುದ್ದಿ ಮೂರು ದಿನದ ಮೇಲೆ ಬೇರೆ ದಾರಿಯಿಂದ ಬರುತ್ತಿತ್ತು. ಅದಕ್ಕಾಗಿ ಜನ ಆಕೆಯನ್ನು ಗೌರವಿಸಿದರು. ಆಕೆಯ ಮಾತನ್ನು ನಂಬುವುದನ್ನು ಬಿಟ್ಟರು.

ಪುಷ್ಯ ಬಂತು. ವೃಷಭೇಂದ್ರಪ್ಪನವರು ದಿನ ಗೊತ್ತುಮಾಡಿ, ಮನೆ ನೋಡಲು ಬರುತ್ತೇನೆಂದು ಹೇಳಿ ಕಳಿಸಿದರು. ಅದರ ಹಿಂದಿನ ಮಧ್ಯಾಹ್ನ ಅವರ ಹೆಂಡತಿ ಶಿವರತ್ನಮ್ಮ ಹಿತ್ತಲ ಬಾಗಿಲಿನಿಂದ ಬಂದಳು. ಐದು ತಿಂಗಳ ಬಸುರಿ. ಪುಟ್ಟಗೌರಮ್ಮ ಮೊದಲು ಆಕೆಯ ಕಾಲು ಊದಿದೆಯೇ ಎಂದು ನೋಡಿದಳು. ಊದಿರಲಿಲ್ಲ.

ಶಿವರತ್ನಮ್ಮ ಕೂತು ಸುತ್ತಿ ಬಳಸಿ ಹೇಳಿದ ಮಾತಿನ ಸಾರ ಇಷ್ಟು. ಮದುವೆಯಾಗಿ ಒಂಬತ್ತು ವರ್ಷ. ಒಲೆ ಹಚ್ಚುವುದಕ್ಕೂ ಅತ್ತೆಯನ್ನು ಕೇಳಬೇಕಿತ್ತು, ಅತ್ತೆ ಮಲಗಿದ್ದರೆ ಗಂಡನ ಅಕ್ಕನನ್ನು. ಅಂಗಡಿಯ ಹಿಂದೆ ಕೋಣೆ ಎರಡೇ, ಕಿಟಕಿಯೂ ಇಲ್ಲ. ಆದರೆ ಈ ಆರು ತಿಂಗಳು ಸಾರಿಗೆ ಉಪ್ಪು ಹಾಕಿದ್ದು ತಾನು. ದೊಡ್ಡ ಮನೆಗೆ ಹಿಂದಿರುಗಿದರೆ ಮಹಾದೇವಮ್ಮ ಯಳಂದೂರಿನಿಂದ ಟ್ರಂಕು ಹೊತ್ತು ಬರುತ್ತಾರೆ. ಟ್ರಂಕು ಆಗಲೇ ಕಟ್ಟಿ ಆಗಿದೆಯಂತೆ.

"ಅಕ್ಕ, ಒಂದ್ ಮಾತು ಅಂದ್ಬುಡಿ ಸಾಕು. ಅತ್ತೆ ಓಡಾಡ್ತಾವ್ರೆ ಅಂತ. ಜಾಸ್ತಿ ಬ್ಯಾಡ, ಬರೀ ಗೆಜ್ಜೆಸದ್ದು ಅಂದ್ರೂ ಸಾಕು."

"ನಿಮ್ಮತ್ತೆ ಗೆಜ್ಜೆ ಆಕ್ತಿದ್ರಾ?"

"ಇಲ್ಲ."

"ಮತ್ತೆ?"

ಶಿವರತ್ನಮ್ಮ ಗೆಜ್ಜೆಯ ಮಾತು ಬಿಟ್ಟಳು. ಆಮೇಲೆ ಅಂದಳು: "ನಿಮಗೂ ಮನೆ ಉಳೀತದೆ ಕಣಕ್ಕ. ನನ್ ಒಬ್ಳಿಗೇ ಅಲ್ಲ."

ಅದು ಸರಿಯಾದ ಮಾತಾಗಿತ್ತು. ಅಷ್ಟು ಸರಿಯಾದ ಮಾತನ್ನು ಆ ಆರು ತಿಂಗಳಲ್ಲಿ ಯಾರೂ ಆಕೆಗೆ ಹೇಳಿರಲಿಲ್ಲ. ಮನೆ ಹೋದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಬಂಡಳ್ಳಿ. ಪುಟ್ಟಗೌರಮ್ಮ ಇದನ್ನೆಲ್ಲ ಒಂದು ಸಲ ಕ್ರಮವಾಗಿ ಯೋಚಿಸಿದಳು.

"ನೋಡವ್ವ, ನೋವು ತಿನ್ನೋರಿಗೆ 'ಇನ್ನೇನು ಆಯ್ತು' ಅಂತ ದಿನಾ ಸುಳ್ಳು ಯೋಳ್ತೀನಿ. ಅದಕ್ಕೇ ನನ್ ಬಾಯಿ ಸಾಕಾಗೋಗದೆ. ಇನ್ನೊಂದ್ ಸುಳ್ಳು ನಂಗಾಗಲ್ಲ."

ಶಿವರತ್ನಮ್ಮ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಬಂದ ದಾರಿಯಲ್ಲೇ ಹೋದಳು. ಪುಟ್ಟಗೌರಮ್ಮ ತನ್ನ ಸಾಮಾನು ಕಟ್ಟತೊಡಗಿದಳು. ಹೆಚ್ಚೇನಿರಲಿಲ್ಲ, ಬೇಗ ಮುಗಿಯಿತು.

ಮಾರನೆಯ ದಿನ ಹತ್ತು ಗಂಟೆಗೆ ವೃಷಭೇಂದ್ರಪ್ಪನವರು, ಯಳಂದೂರಿನಿಂದ ಬಂದಿದ್ದ ಮಹಾದೇವಮ್ಮ, ಹಿಂದೆ ಶಿವರತ್ನಮ್ಮ ಬಂದು ಜಗುಲಿಯ ಕೆಳಗೆ ನಿಂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಎದುರು ಮನೆಯ ಹೆಂಗಸರಿಬ್ಬರು ಕಸ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಲು ನಿಂತರು.

ವೃಷಭೇಂದ್ರಪ್ಪನವರು ಕೆಮ್ಮಿ ಶುರುಮಾಡಿದರು. "ನರ್ಸಮ್ಮ, ಆರು ತಿಂಗಳಾಯ್ತು. ಏನಾರ ಕಾಣಿಸ್ತಾ?"

"ಏನೂ ಕಾಣಿಸ್ನಿಲ್ಲ ಯಜಮಾನ್ರೇ."

ಮಹಾದೇವಮ್ಮ ತಮ್ಮನ ಮುಖ ನೋಡಿದರು. "ಸದ್ದು?" ಎಂದು ಅವರು ಕೇಳಿದರು.

"ಇಲಿ ಅವೆ."

"ಯಾವೊತ್ತಲ್ಲಿ?"

"ಇಲಿ ಓಡಾಡೋ ಒತ್ತಲ್ಲಿ."

"ಅವ್ವನ ಕೋಣೆ?"

"ನಾನು ಬಾಗಿಲು ತೆಗೆದಿಲ್ಲ."

"ಯಾಕೆ ತೆಗೀನಿಲ್ಲ?" ಮಹಾದೇವಮ್ಮನ ದನಿ ಸಣ್ಣದಾಗಿತ್ತು.

"ನಿಮ್ ಸಾಮಾನು ಅದೆ. ನಂಗ್ಯಾಕೆ?"

ವೃಷಭೇಂದ್ರಪ್ಪನವರು ಹಣೆ ಒರೆಸಿಕೊಂಡರು. ಹಾಗಾದರೆ ಬೆಟ್ಟದ ದೇವರು ಮಾದಪ್ಪನ ಮೇಲೆ ಆಣೆಯಿಟ್ಟು ಹೇಳಬೇಕು ಎಂದರು. ತಾನು ಯಾವ ವಿಷಯಕ್ಕೂ, ಯಾರ ಮೇಲೂ ಆಣೆ ಇಡುವುದಿಲ್ಲ ಎಂದು ಪುಟ್ಟಗೌರಮ್ಮ ಹೇಳಿದಳು. ಅದೂ ನಿಜವಾಗಿತ್ತು. ಕೊಯಮತ್ತೂರಿನಲ್ಲಿ ಕಲಿಸಿದವರು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೇ ಹೊರತು ಆಣೆ ಇಡುವುದನ್ನು ಕಲಿಸಿರಲಿಲ್ಲ.

"ಕೇಳುದ್ಯೇನಪ್ಪ," ಎಂದರು ಮಹಾದೇವಮ್ಮ. "ಈವಮ್ಮ ಯಾವತ್ತು ಇದ್ದದ್ದು ಇದ್ದಂಗೆ ಯೋಳವ್ರೆ? ನಮ್ ಪೈಕಿಯವ್ರ ಮನೇಲಿ ಕೂಸು ತೀರ್ಕಂಡಾಗಲೂ ಹಿಂಗೇ ಅಂದಿದ್ರಂತೆ, ಎಲ್ಲ ಚೆನ್ನಾಗದೆ ಅಂತ. ನಾನು ಈ ಹೊಸ್ತಿಲು ತುಳಿಯಾಕಿಲ್ಲ. ನನ್ ಟ್ರಂಕು ಯಳಂದೂರಲ್ಲೇ ಇರ್ಲಿ."

ಪುಟ್ಟಗೌರಮ್ಮನಿಗೆ ಜೀವನದಲ್ಲಿ ಅಪರೂಪಕ್ಕೆ ಸಿಟ್ಟು ಬಂತು. ತಾನು ಹೇಳಿದ್ದು ನಿಜವೆಂದೂ, ಮನೆಯಲ್ಲಿ ಇಲಿಯ ಹೊರತು ಯಾವ ದೋಷವೂ ಇಲ್ಲವೆಂದೂ, ತನ್ನ ಗಂಟು ಒಳಗೆ ಕಟ್ಟಿಟ್ಟಿದೆ, ಈಗಲೇ ಬೀಗದಕೈ ಕೊಡುತ್ತೇನೆಂದೂ ಬಿಡಿಬಿಡಿಯಾಗಿ ಹೇಳಿದಳು. ಗಂಟು ಕಟ್ಟಿಟ್ಟಿದೆ ಎಂದದ್ದು ಇನ್ನೂ ಕೆಡಿಸಿತು. ಎದುರು ಮನೆಯವರು ಪೊರಕೆ ಬಿಟ್ಟು ಒಳಗೆ ಹೋದರು. ಶಿವರತ್ನಮ್ಮ ನೆಲ ನೋಡುತ್ತ ನಿಂತಿದ್ದಳು. ಅವಳು ಮಾತಾಡಬೇಕಾದ ಅಗತ್ಯವೇ ಇರಲಿಲ್ಲ.

"ಆಯ್ತು ನರ್ಸಮ್ಮ, ಆಯ್ತು," ಎಂದು ವೃಷಭೇಂದ್ರಪ್ಪನವರು ಕೈ ಎತ್ತಿದರು. "ನಿಮ್ ದೊಡ್ಡತನ ನಂಗೆ ಅರ್ಥಾಯ್ತದೆ. ನಮ್ಮವ್ವನ ಮಾನ ನೀವು ಕಾಪಾಡಿದ್ರಿ. ನೀವೇ ಇದ್ಬುಡಿ."

ಆ ತಪ್ಪನ್ನು ತಿದ್ದಲು ಆಕೆ ಇನ್ನೊಂದು ಸಲ ಬಾಯಿ ತೆರೆದಳು. ಅವರು ಅಷ್ಟರಲ್ಲಿ ಕೈ ಮುಗಿದಿದ್ದರು. ಕೈ ಮುಗಿದು ನಿಂತ ಮನುಷ್ಯನ ಜೊತೆ ವಾದ ಮಾಡುವುದು ಹೇಗೆಂದು ಆಕೆಗೆ ತಿಳಿಯಲಿಲ್ಲ. ಹಾಗಾದರೆ ಬಾಯಿಮಾತು ಸಾಲದು, ಕಾಗದ ಬೇಕು ಎಂದಳು. ಅವರು ಅಂಗಡಿಗೆ ಕರೆದುಕೊಂಡು ಹೋಗಿ ಬರೆದುಕೊಟ್ಟರು: ಬಾಡಿಗೆ ಆರೇ ರೂಪಾಯಿ, ಅವಧಿ ಆಕೆ ಇರುವಷ್ಟು ದಿನ. ಓದಿ ನೋಡಿ, ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಾಯಿಸಿಕೊಡತಕ್ಕದ್ದು ಎಂದು ಒಂದು ಸಾಲು ಸೇರಿಸಿ ಎಂದಳು. ಸೇರಿಸಿದರು. ಶಿವರತ್ನಮ್ಮ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದಿಟ್ಟಳು. ಉಪ್ಪು ಹಿತವಾಗಿತ್ತು.

ಆ ಕಾಗದ ಹದಿನಾರು ವರ್ಷ ನಡೆಯಿತು. ಅಷ್ಟು ವರ್ಷದಲ್ಲಿ ಮಾಲೀಕರ ಕಡೆಯಿಂದ ಹೆಂಚಿನವನ ಹೊರತು ಯಾರೂ ಆ ಮನೆಗೆ ಬರಲಿಲ್ಲ. ಅವನೂ ಹಗಲು ಹೊತ್ತೇ ಬರುತ್ತಿದ್ದ.

ಕಾಗದವನ್ನು ಪುಟ್ಟಗೌರಮ್ಮ ಅದೇ ಮಧ್ಯಾಹ್ನ ಲೇಡಿ ಡಾಕ್ಟರ ಮೇಜಿನ ಮೇಲೆ ಇಟ್ಟಳು. ಅವರು ಎರಡು ಸಲ ಓದಿದರು. ಇಷ್ಟು ಕಡಿಮೆಗೆ ಇಷ್ಟು ದೊಡ್ಡ ಮನೆ ಇಡೀ ಊರಿನಲ್ಲಿ ಯಾರಿಗೂ ಸಿಕ್ಕಿಲ್ಲ ಎಂದರು. ಖಾಯಂ ಮಾಡಲು ಬರೆಯುವ ಅರ್ಜಿ ತೆಗೆದು ವಿಳಾಸ ತುಂಬಿದರು. ತುಂಬುತ್ತಲೇ, ತಲೆ ಎತ್ತದೆ, ಆ ಮನೆಯ ವಿಷಯ ಜನ ಏನೇನೋ ಆಡಿಕೊಳ್ಳುತ್ತಾರಲ್ಲ, ನಿಜವೇ ಎಂದು ಕೇಳಿದರು.

ಅಡಿಗೆಮನೆಯಲ್ಲಿ ಸ್ವಲ್ಪ ಹೊಗೆ ನಿಲ್ಲುತ್ತದೆ ಎಂದು ಹೇಳಿ ಪುಟ್ಟಗೌರಮ್ಮ ವಾರ್ಡಿಗೆ ಹೋದಳು. ಅಲ್ಲಿ ಇಬ್ಬರು ನೋವು ತಿನ್ನುತ್ತಿದ್ದರು.